ಹೊಂಗೆ ಮರದ ಚೈತ್ರ

ಪಂಚಾಂಗದಲ್ಲಿ ವಸಂತ ಋತು ಚೈತ್ರ ಶುದ್ಧ ಪಾಡ್ಯಕ್ಕೆ ಮೊದಲಾಗುತ್ತದೆ. ಅಷ್ಟು ಹೊತ್ತಿಗೆ ಬಯಲುಸೀಮೆಯ ಮುತ್ತುಗದ ಮರ ಕಿತ್ತಳೆಗೆಂಪು ಹೂಗಳನ್ನೆಲ್ಲ ಉದುರಿಸಿ ಕಾಯಿ ಕಟ್ಟಲು ತೊಡಗಿರುತ್ತದೆ. ಮಾವು ಹೂವಾದದ್ದು ಚಳಿಗಾಲದಲ್ಲಿ. ಯುಗಾದಿಯ ಚಿತ್ರಾನ್ನಕ್ಕೆ ತುರಿಯುವಷ್ಟು ದೊಡ್ಡ ಕಾಯಿ ಆಗಲೇ ಕೊಂಬೆಯಲ್ಲಿ ತೂಗುತ್ತಿರುತ್ತದೆ. ಕೋಗಿಲೆ ಹಬ್ಬಕ್ಕೆ ಎಷ್ಟೋ ಮೊದಲೇ ಕೂಗಲು ಶುರುಮಾಡಿರುತ್ತದೆ. ಕಾವ್ಯದಲ್ಲಿ ಮಾವಿನ ಹೂವು, ಕೋಗಿಲೆ, ಮಲ್ಲಿಗೆ, ತೆಂಕಣ ಗಾಳಿ ಎಲ್ಲವೂ ಒಂದೇ ಪದ್ಯದಲ್ಲಿ ಕೂಡಿ ಬರುತ್ತವೆ. ಊರಿನಲ್ಲಿ ಅವು ಒಂದೊಂದಾಗಿ, ತಮ್ಮ ತಮ್ಮ ಹೊತ್ತಿಗೆ ಬರುತ್ತವೆ. ಬರೆಯಬೇಕೆನ್ನುವವರಿಗೆ ಈ ವ್ಯತ್ಯಾಸವೇ ದೊಡ್ಡ ಆಸ್ತಿ. ಓದಿದ ವಸಂತವನ್ನು ಪಕ್ಕಕ್ಕಿಟ್ಟು ಕಂಡ ವಸಂತವನ್ನು ಬರೆದಾಗಲೆಲ್ಲ ಕನ್ನಡ ಬರಹಕ್ಕೆ ಹೊಸ ಚಿಗುರು ಬಂದಿದೆ.

ಹಾಗೆಂದು ಓದಿದ ವಸಂತವನ್ನು ಹಗುರವಾಗಿ ಕಾಣುವಂತಿಲ್ಲ. ಮಹಾಕಾವ್ಯ ಎಂದರೆ 18 ವರ್ಣನೆಗಳಿರಬೇಕು, ಅದರಲ್ಲಿ ಋತುವರ್ಣನೆ ಇರಲೇಬೇಕು ಎಂದು ಲಾಕ್ಷಣಿಕರು ಹೇಳಿದ್ದರು. ಮನ್ಮಥನ ಐದು ಬಾಣಗಳಲ್ಲಿ ಮಾವಿನ ಹೂವೂ ಒಂದು. ಹೆಣ್ಣಿನ ಕಾಲು ಸೋಕಿದರೆ ಅಶೋಕ ಅರಳುತ್ತದೆ ಎಂಬುದು ಕವಿಗಳು ಒಪ್ಪಿಕೊಂಡ ನಂಬಿಕೆ. ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನಿಗೆ ಇದ್ದ ಬಿರುದೇ ‘ಕರ್ಣಾಟ ಕವಿ ಚೂತವನ ಚೈತ್ರ’. ಕನ್ನಡ ಕವಿಗಳೆಲ್ಲ ಒಂದು ಮಾವಿನ ತೋಪಾದರೆ ಆತ ಅದಕ್ಕೆ ಬಂದ ವಸಂತ! ಒಬ್ಬ ಕವಿಯನ್ನು ಹೊಗಳಲು ಋತುವನ್ನೇ ಕರೆದ ಜನ ನಮ್ಮವರು.

ಪಂಪ ಇದಕ್ಕಿಂತ ಮುಂದೆ ಹೋದ. ಕ್ರಿ.ಶ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನ ಬನವಾಸಿಗೆ ಬರುತ್ತಾನೆ. ಅಲ್ಲಿ ಬರುವ ಗಾಳಿ, ಮಲ್ಲಿಗೆ, ವಸಂತದ ಹಬ್ಬ ಎಲ್ಲವೂ ಸಂಪ್ರದಾಯದ ಪಟ್ಟಿಯಲ್ಲಿ ಇದ್ದವೇ. ಆದರೆ ಪಂಪ ಅವುಗಳಿಗೆ ಒಂದು ಊರನ್ನು ಕೊಟ್ಟ. ಯಾವುದೋ ವನದ ಯಾವುದೋ ಹೂವು ಹೋಗಿ ಬನವಾಸಿಯ ಹೂವಾಯಿತು. ಅದನ್ನು ಎಲ್ಲಿ ಕಂಡರೂ ಆ ನಾಡಿನ ಹಂಬಲ ಹುಟ್ಟುವಂತಾಯಿತು. ಸಾವಿರ ವರ್ಷ ಕಳೆದ ಮೇಲೂ ಆ ಭಾಗ ಕನ್ನಡಿಗರ ಬಾಯಲ್ಲಿ ಉಳಿದಿರುವುದು ವರ್ಣನೆಯ ಚೆಲುವಿನಿಂದ ಮಾತ್ರವಲ್ಲ, ಆ ವಿಳಾಸದಿಂದಲೂ ಹೌದು.

ಇನ್ನು ಕೋಗಿಲೆಯ ಮಾತು. ಇಂಪಾಗಿ ಹಾಡುವ ಹೆಣ್ಣುಮಗಳನ್ನು ‘ಗಾನಕೋಗಿಲೆ’ ಎಂದು ಕರೆದು ಕರೆದು, ಹಾಡುವುದು ಹೆಣ್ಣು ಕೋಗಿಲೆ ಎಂಬ ಭಾವನೆ ಹಲವರಲ್ಲಿ ಬೇರೂರಿದೆ. ಆದರೆ ಮೇಲೇರುತ್ತ ಹೋಗುವ ಆ ‘ಕುಹೂ’ ಗಂಡಿನದು. ಮಿರುಗುವ ಕಪ್ಪು ಮೈ ಇರುವುದೂ ಗಂಡಿಗೆ. ಹೆಣ್ಣಿನ ಮೈ ಕಂದು, ಅದರ ಮೇಲೆಲ್ಲ ಬಿಳಿ ಚುಕ್ಕೆ. ಅದರ ದನಿ ಚುರುಕಾದ ‘ಕಿಕ್ ಕಿಕ್’. ಇದನ್ನು ಕಾಳಿದಾಸ ಬಲ್ಲ. ‘ಕುಮಾರಸಂಭವ’ದ ಮೂರನೆಯ ಸರ್ಗದಲ್ಲಿ ಕೂಗುವುದು ಸ್ಪಷ್ಟವಾಗಿ ಗಂಡು ಕೋಗಿಲೆ. ಅದೂ ಮಾವಿನ ಚಿಗುರು ತಿಂದು ಗಂಟಲು ಒಗರಾದ ಕೋಗಿಲೆ. ಮರದ ಕೆಳಗೆ ನಿಂತು ನೋಡಿದವನಿಗೆ ಮಾತ್ರ ಹೊಳೆಯುವ ವಿವರ ಇದು. ಸಂಪ್ರದಾಯ ಎಂದು ನಾವು ಕರೆಯುವುದು ಮೊದಲಿಗೆ ಯಾರೋ ಕಣ್ಣಾರೆ ಕಂಡದ್ದೇ ಆಗಿತ್ತು. ಆಮೇಲೆ ಬಂದವರು ಮರವನ್ನು ನೋಡದೆ ಪದ್ಯವನ್ನು ಮಾತ್ರ ನೋಡಿದಾಗ ಅದು ಸವಕಲಾಯಿತು.

ಕೋಗಿಲೆಯ ಬದುಕಿನಲ್ಲಿ ಕವಿಗಳು ಮುಟ್ಟದೆ ಬಿಟ್ಟದ್ದು ಇನ್ನೂ ಬೇಕಾದಷ್ಟಿದೆ. ಚಳಿಗಾಲದಲ್ಲಿ ಅದು ಊರು ಬಿಟ್ಟು ಹೋಗಿರುವುದಿಲ್ಲ, ಸುಮ್ಮನಿರುತ್ತದೆ ಅಷ್ಟೆ. ಅದು ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಗಂಡು ಕೂಗಿ ಕೆಣಕಿ ಕಾಗೆಗಳನ್ನು ತನ್ನ ಬೆನ್ನಟ್ಟುವಂತೆ ಮಾಡಿದಾಗ ಹೆಣ್ಣು ಬಂದು ಮೊಟ್ಟೆಯಿಟ್ಟು ಹೋಗುವುದುಂಟು. ಹಾಗಾಗಿ ಕೋಗಿಲೆಯ ಋತು ಎಂದರೆ ಕಾಗೆಯ ಸಂಸಾರದ ಋತುವೂ ಹೌದು. ಕೋಗಿಲೆಯ ಮೇಲೆ ನೂರಾರು ಪದ್ಯಗಳಿವೆ. ಬೇರೆಯವರ ಮರಿಯನ್ನು ತನ್ನದೆಂದು ಸಾಕುವ ಕಾಗೆಯ ಮೇಲೆ ಎಷ್ಟಿವೆ? ಒಂದು ಒಳ್ಳೆಯ ಕತೆ ಅಲ್ಲಿ ಕಾದು ಕೂತಿದೆ.

ದ.ರಾ. ಬೇಂದ್ರೆಯವರ ‘ಯುಗಾದಿ’ ಹಾಡು ಕೇಳದೆ ಕನ್ನಡಿಗರ ಹಬ್ಬ ಮುಗಿಯುವುದಿಲ್ಲ. 1963ರ ‘ಕುಲವಧು’ ಚಿತ್ರದಲ್ಲಿ ಎಸ್. ಜಾನಕಿಯವರ ದನಿಯಲ್ಲಿ ಅದು ಮನೆಮನೆಯನ್ನೂ ಮುಟ್ಟಿತು. ಆ ಹಾಡಿನಲ್ಲಿ ಮಾವು ಇದೆ, ಬೇವು ಇದೆ, ಜೊತೆಗೆ ಹೊಂಗೆಯ ಹೂವೂ ಇದೆ. ಮನ್ಮಥನ ಬತ್ತಳಿಕೆಯಲ್ಲಿ ಹೊಂಗೆಗೆ ಜಾಗವಿರಲಿಲ್ಲ. ಅದು ರಸ್ತೆ ಬದಿಯ ಮರ, ಹೊಲದ ಬದುವಿನ ಮರ. ಬೀಜದ ಎಣ್ಣೆ ದೀಪಕ್ಕೆ, ಸೊಪ್ಪು ಗೊಬ್ಬರಕ್ಕೆ. ಆದರೆ ಧಾರವಾಡದ ಸಾಧನಕೇರಿಯಲ್ಲಿ ಬದುಕಿದ ಕವಿಗೆ ಚೈತ್ರ ಕಾಣಿಸಿದ್ದು ಆ ಮರದಲ್ಲಿ. ಮಾರ್ಚ್ ಏಪ್ರಿಲ್‌ನಲ್ಲಿ ಹೊಂಗೆಯ ಕೆಳಗೆ ನಿಂತವರಿಗೆಲ್ಲ ಕಾರಣ ತಿಳಿಯುತ್ತದೆ: ಹಳೆಯ ಎಲೆ ಕಳಚಿ ಎಣ್ಣೆ ಸವರಿದ ಹಾಗೆ ಮಿಂಚುವ ಎಳೆ ಹಸಿರು, ತಿಳಿನೇರಳೆ ಬೆರೆತ ಬಿಳಿ ಹೂಗೊಂಚಲು, ಬುಡದ ಸುತ್ತ ಬಿದ್ದ ಹೂವಿನ ಹಾಸು, ಮತ್ತು ಇಡೀ ಮರವೇ ಗುಂಯ್‌ಗುಡುವಷ್ಟು ಜೇನ್ನೊಣ. ಬೇಂದ್ರೆಯವರು ಕಲ್ಪಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ; ದಾರಿಯ ಮರ ಹಾಡಿಗೆ ತಕ್ಕದ್ದು ಎಂದು ನಂಬಿದರೆ ಸಾಕಾಗಿತ್ತು. ಆ ನಂಬಿಕೆ ಸಣ್ಣದಲ್ಲ.

ಕೆರೆಗಳು ಬತ್ತುವ ಹೊತ್ತಿಗೆ ಮರಗಳು ಚಿಗುರುತ್ತವಲ್ಲ, ಅದೂ ಕನ್ನಡ ನಾಡಿನ ವಸಂತದ ವಿಶೇಷ. ಹಿಮ ಕರಗಿ ನೀರು ಹರಿಯುವ ನಾಡುಗಳ ವಸಂತ ಇಲ್ಲಿಯದಲ್ಲ. ಇಲ್ಲಿ ಮಣ್ಣಿನ ಮೇಲ್ಪದರ ಒಣಗಿ ಬಿರಿದಿರುವಾಗ ಬೇರುಗಳು ಆಳದ ತೇವವನ್ನು ಎಳೆದು ಕೊಂಬೆಯ ತುದಿಗೆ ಕಳಿಸುತ್ತವೆ. ಮಳೆ ಬೀಳುವ ಹೊತ್ತಿಗೆ ಎಲೆ ಬಲಿತು ಸಿದ್ಧವಾಗಿರುತ್ತದೆ. ಮಾವಿನ ಎಳೆ ಎಲೆ ತಾಮ್ರದ ಬಣ್ಣಕ್ಕಿರುವುದು ಅದರಲ್ಲಿ ಹಸಿರು ಇನ್ನೂ ತುಂಬದೆ, ಕೆಂಪು ವರ್ಣದ್ರವ್ಯ ಮುಂದಾಗಿರುವುದರಿಂದ. ಮುತ್ತುಗ, ಬೂರುಗಗಳು ಎಲೆಯಿಲ್ಲದ ಕೊಂಬೆಯಲ್ಲಿ ಹೂ ತಳೆಯುವುದರಿಂದ ಗೊರವಂಕಗಳಿಗೂ ಸೂರಕ್ಕಿಗಳಿಗೂ ಅವು ದೂರದಿಂದಲೇ ಕಾಣುತ್ತವೆ. ಇದನ್ನೆಲ್ಲ ತಿಳಿದರೆ ಕವಿತೆ ಕೆಡುತ್ತದೆ ಎನ್ನುವವರಿದ್ದಾರೆ. ಅವರು ಬಿ.ಜಿ.ಎಲ್. ಸ್ವಾಮಿಯವರನ್ನು ಓದಬೇಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕತೆಯೇ ‘ಹಸುರು ಹೊನ್ನು’. ಎಲೆ, ಹೂವು, ಕಾಯಿಗಳ ಚಿತ್ರ ಅವರದೇ ಕೈಯವು. ಗಿಡದ ಒಳರಚನೆಯಿಂದ ಹಳೆಯ ಕಾವ್ಯಕ್ಕೆ, ಕಾವ್ಯದಿಂದ ಹುಡುಗರ ತುಂಟತನಕ್ಕೆ ಅವರ ಮಾತು ಸಲೀಸಾಗಿ ದಾಟುತ್ತದೆ. ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶಾಸ್ತ್ರ ತಿಳಿದವನ ಸಂತೋಷ ಎಷ್ಟು ದೊಡ್ಡದು ಎಂಬುದಕ್ಕೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಮಲೆನಾಡಿನಲ್ಲಿ ಕಂಡ ವಸಂತವನ್ನು ಬರೆಯುವ ಕೆಲಸವನ್ನು ಕುವೆಂಪು ಮಾಡಿದರು. ಅವರ ಬರಹದಲ್ಲಿ ಹಾಡುವುದು ಬರಿಯ ‘ಹಕ್ಕಿ’ಯಲ್ಲ, ಕಾಜಾಣ, ಪಿಕಳಾರ, ಮಡಿವಾಳ. ಬೇಸಗೆ ಸಮೀಪಿಸುತ್ತಿದ್ದಂತೆ ನಸುಕಿನಲ್ಲೇ ಮರದ ತುದಿಗೇರಿ ಸಿಳ್ಳೆ ಹಾಕುವ ಕಪ್ಪು ಬಿಳುಪಿನ ಮಡಿವಾಳ, ಬೇರೆ ಹಕ್ಕಿಗಳ ದನಿಯನ್ನು ಅಣಕಿಸುವ ಕಾಜಾಣ, ಇವುಗಳಿಗೆ ಸಂಸ್ಕೃತ ಕಾವ್ಯದ ಶಿಫಾರಸು ಇರಲಿಲ್ಲ. ಕುಪ್ಪಳಿಯ ಹುಡುಗನ ಕಿವಿಯ ಶಿಫಾರಸು ಇತ್ತು. ಮುಂದೆ ಅವರ ರಾಮಾಯಣದ ಕಾಡುಗಳಲ್ಲೂ ಸಹ್ಯಾದ್ರಿಯ ಮರ ಹಕ್ಕಿಗಳೇ ಬಂದು ನೆಲೆಸಿದವು. ಮಗ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ, ಮರೆ ಕಟ್ಟಿಕೊಂಡು ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಕಾದರು. ‘ಪರಿಸರದ ಕತೆ’ಯ ಗದ್ಯದಲ್ಲಿ ಆ ಕಾಯುವಿಕೆಯ ಗುರುತಿದೆ: ಅಲಂಕಾರ ಕಡಿಮೆ, ಕಂಡದ್ದು ಹೆಚ್ಚು.

ಆ ಸೀಮೆಯ ವಸಂತಕ್ಕೆ ಇನ್ನೊಂದು ಲಕ್ಷಣವೂ ಇದೆ. ಮಾರ್ಚ್ ಏಪ್ರಿಲ್‌ನಲ್ಲಿ ಬೀಳುವ ಹೂಮಳೆಗೆ ಕಾಫಿ ಬೆಳೆಗಾರರು ಆಕಾಶ ನೋಡುತ್ತ ಕೂರುತ್ತಾರೆ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗಿ ಮಲ್ಲಿಗೆಯನ್ನು ನೆನಪಿಸುವ ಪರಿಮಳ ಹರಡುತ್ತದೆ. ಎರಡು ಮೂರು ದಿನದಲ್ಲಿ ಹೂ ಬಾಡುತ್ತದೆ. ಅಷ್ಟರೊಳಗೆ ನೋಡದಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು.

ಹೂವು ನಿಲ್ಲುವುದಿಲ್ಲ, ಬರೆದಿಟ್ಟದ್ದು ನಿಲ್ಲುತ್ತದೆ. ಇದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆ ಕನ್ನಡದ ಶಾಲೆಗಳಲ್ಲಿ ಓದಿದವರಿಗೂ ಹತ್ತಿರದ್ದು. ಎಂದೂ ಕಾಣದ ಡ್ಯಾಫೊಡಿಲ್ ಹೂವನ್ನು ಇಲ್ಲಿಯ ಎಷ್ಟೋ ಮಕ್ಕಳು ವರ್ಡ್ಸ್‌ವರ್ತ್‌ನ ಪದ್ಯದಲ್ಲಿ ಬಾಯಿಪಾಠ ಮಾಡಿದ್ದಾರೆ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಆ ಹೂಗಳನ್ನು ಕಂಡಾಗ ಕವಿ ಒಬ್ಬನೇ ಇರಲಿಲ್ಲ. ತಂಗಿ ಡೊರೊಥಿ ಜೊತೆಗಿದ್ದಳು. ಗಾಳಿಯ ಬಿರುಸು, ನೀರಿನಂಚಿನಲ್ಲಿ ಹೂಗಳು ಹಬ್ಬಿದ ರೀತಿ, ಕೆಲವು ಹೂಗಳು ಕಲ್ಲಿಗೆ ತಲೆಯಿಟ್ಟ ಬಗೆ ಎಲ್ಲವನ್ನೂ ಅವಳು ದಿನಚರಿಯಲ್ಲಿ ಬರೆದಳು. ಪದ್ಯ ಹುಟ್ಟಿದ್ದು ಸುಮಾರು ಎರಡು ವರ್ಷದ ಮೇಲೆ, ಅಚ್ಚಾದದ್ದು 1807ರಲ್ಲಿ. ಪದ್ಯದಲ್ಲಿ ಕವಿ ಒಂಟಿಯಾಗಿ ಅಲೆಯುತ್ತಾನೆ, ತಂಗಿ ಇಲ್ಲ. ಡೊರೊಥಿಯ ದಿನಚರಿ ಅಚ್ಚಾದದ್ದು ಅವಳು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಹೆಸರು ಅಣ್ಣನಿಗೆ ಬಂತು. ಆದರೆ ಆ ದಿನದ ಗಾಳಿಯನ್ನು ಹೆಚ್ಚು ನಂಬಿಕೆಯಿಂದ ಕಾಪಾಡಿದವಳು ತಂಗಿ.

ಸ್ಫೂರ್ತಿ ಬರೆಯುವವರ ಸೊತ್ತು ಮಾತ್ರ ಎಂದುಕೊಂಡವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಬೇಕು. ಚಳಿಗಾಲದಿಂದ ಬೇಸಗೆಯವರೆಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಆ ಊರಿನ ನಡುವಿನ ಹುಣಸೆ, ಆಲದ ಮರಗಳ ಮೇಲೆ ಗೂಡು ಕಟ್ಟಿ ಮರಿ ಮಾಡುತ್ತವೆ. ಮನೆಯ ಹೆಂಚಿನ ಮೇಲೇ ಮರ, ಮರದ ಮೇಲೆ ಹತ್ತಾರು ಗೂಡು. ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಾರೆ, ದನಗಳು ಮೆಲುಕು ಹಾಕುತ್ತವೆ, ಮೇಲೆ ಮರಿಗಳು ಮೀನಿಗಾಗಿ ಕಿರುಚುತ್ತವೆ. ವಾಸನೆ ಇದೆ, ಗಲೀಜು ಇದೆ. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಗೊಬ್ಬರವಾಗುತ್ತದೆ. ಗೂಡಿರುವ ಹುಣಸೆ ಮರದ ಫಸಲನ್ನು ಊರಿನವರು ಹಕ್ಕಿಗಾಗಿ ಬಿಟ್ಟುಕೊಟ್ಟದ್ದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಟು ಬಂತು; 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಈ ಹಕ್ಕಿಗಳು ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳು ಎಂಬುದು ಆ ಊರಿನ ಮಾತು. ಯಾವ ಕವಿಯೂ ಅದನ್ನು ಅವರಿಗೆ ಬರೆದುಕೊಡಲಿಲ್ಲ. ವರ್ಷ ವರ್ಷವೂ ಹಕ್ಕಿಯ ಬಸಿರು ಬಾಣಂತನವನ್ನು ಹತ್ತಿರದಿಂದ ಕಂಡವರ ಬಾಯಲ್ಲಿ ಅದು ತಾನಾಗಿ ಹುಟ್ಟಿತು. ಕನ್ನಡದ ಒಳ್ಳೆಯ ರೂಪಕಗಳಲ್ಲಿ ಅದೂ ಒಂದು ಎಂದು ಧೈರ್ಯವಾಗಿ ಹೇಳಬಹುದು.

ನಗರದಲ್ಲಿರುವವರಿಗೆ ಇದೆಲ್ಲ ಎಲ್ಲಿ ಸಿಗಬೇಕು ಎನ್ನುವುದು ಸುಲಭವಾದ ದೂರು. ಆದರೆ ಬೆಂಗಳೂರಿನ ವಸಂತ ಜನರೇ ಯೋಚಿಸಿ ನೆಟ್ಟದ್ದು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್, ವರ್ಷದ ಬೇರೆ ಬೇರೆ ತಿಂಗಳಲ್ಲಿ ಒಂದರ ಹಿಂದೊಂದು ಹೂ ಬಿಡುವ ಮರಗಳನ್ನು ರಸ್ತೆಗಳಿಗೆ ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಕಾಲದಲ್ಲಿ ಲಕ್ಷಗಟ್ಟಲೆ ಗಿಡ ನೆಡಲಾಯಿತು. ಗುಲಾಬಿ, ಹಳದಿ ಟಬೂಬಿಯಾ ಬಂದದ್ದು ಅಮೆರಿಕ ಖಂಡದ ಬಿಸಿ ನಾಡುಗಳಿಂದ, ಜಕರಾಂಡ ದಕ್ಷಿಣ ಅಮೆರಿಕದಿಂದ, ಗುಲ್‌ಮೊಹರ್ ಮಡಗಾಸ್ಕರಿನಿಂದ. ಪಂಪನಿಗೂ ಲಕ್ಷ್ಮೀಶನಿಗೂ ಈ ಮರಗಳ ಪರಿಚಯವಿರಲಿಲ್ಲ. ಇವುಗಳ ಬಗ್ಗೆ ಸವಕಲಾಗುವಷ್ಟು ಯಾರೂ ಬರೆದಿಲ್ಲ. ಸಿಗ್ನಲ್‌ನಲ್ಲಿ ನಿಂತ ಬಸ್ಸಿನ ಕಿಟಕಿಯಿಂದ ಕಾಣುವ ಆ ಗುಲಾಬಿ ಮರ ಇನ್ನೂ ತನ್ನ ಕವಿಗಾಗಿ ಕಾದಿದೆ.

ಬರೆಯಲು ಏನೂ ಹೊಳೆಯುತ್ತಿಲ್ಲ ಎಂದು ಕೂತವರು ಒಂದು ಮರವನ್ನು ಗೊತ್ತುಮಾಡಿಕೊಳ್ಳಲಿ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಶಾಲೆಯ ಮಕ್ಕಳು ಮಾಡುವುದು ಇದನ್ನೇ: ಒಂದು ಮರ, ವಾರಕ್ಕೊಂದು ಸಲ ಭೇಟಿ, ಚಿಗುರು ಎಷ್ಟು, ಮೊಗ್ಗು ಎಷ್ಟು, ಕಾಯಿ ಎಷ್ಟು ಎಂಬ ಬರಹ. ಮಕ್ಕಳ ಲೆಕ್ಕ ವಿಜ್ಞಾನಿಗಳಿಗೆ ಹೋಗುತ್ತದೆ, ನಿಮ್ಮ ಲೆಕ್ಕ ನಿಮ್ಮ ಬಳಿಯೇ ಇರಲಿ. ತಾರೀಖು ಹಾಕಿ, ಬೀದಿಯ ಹೆಸರು ಬರೆಯಿರಿ. ಹಕ್ಕಿಯ ಹೆಸರು ತಿಳಿಯದಿದ್ದರೆ ಊರಿನ ಹಿರಿಯರನ್ನು ಕೇಳಿ, ಅವರು ಹೇಳಿದ ಹೆಸರನ್ನೇ ಬರೆಯಿರಿ. ಈ ಸಲ ಹೊಂಗೆ ತಪ್ಪಿಹೋಗಿದ್ದರೂ ಚಿಂತೆಯಿಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ಕಕ್ಕೆ ಮರ ಹಳದಿ ಹೂ ಬಿಡುತ್ತದೆ.