ಸಾಸಿಗೆ ಸಕ್ಕರೆ ಬೇಡ, ಬ್ಯಾಗಲ್ಲಿ ಸಕ್ಕರೆ ಬೇಕು

1/7

"ಆ ಸಾಸಿನ ರೆಸಿಪಿ ಹಾಕು ಮಾರಾಯ್ತಿ" ಅಂತ ಮೆಸೇಜ್ ಮಾಡಿದ ಎಲ್ಲರಿಗೂ ಒಟ್ಟಿಗೆ ಉತ್ತರ ಇದು. ರೆಸಿಪಿ 6ನೇ ಕ್ಯಾಪ್ಷನ್‌ನಲ್ಲಿ ಉಂಟು. ಅರ್ಜೆಂಟ್ ಇದ್ದವರು ಸೀದಾ ಅಲ್ಲಿಗೆ ಹೋಗಿ. ಆದ್ರೆ 7ನೇದ್ದು ಓದದೆ ಹೋಗ್ಬೇಡಿ, ಅದು ನಿಮಗೇ ಅಂತ ಬರೆದದ್ದು.

(ಫೋಟೋದಲ್ಲಿ ಹಿಂದೆ ಕಾಣುವ ದೊಡ್ಡ ಚಿಮಣಿ ನನ್ನ ಗ್ರಿಲ್‌ನದ್ದಲ್ಲ. ಅದು ಪವರ್ ಪ್ಲಾಂಟಿನದ್ದು. ಎಲ್ಲೂರಲ್ಲಿ ಯಾವ ಟೆರೇಸ್ ಹತ್ತಿದ್ರೂ ಫೋಟೋಕ್ಕೆ ಅದು ಬರ್ತದೆ.)

ಮೊದಲು ಒಂದು ಸುಳ್ಳು ಒಪ್ಪಿಕೊಳ್ತೇನೆ. ಕಳೆದ ವರ್ಷ ಕಾಪುವಿನಲ್ಲಿ ನಮ್ಮ ಕ್ಲಾಸಿನವರು ಬಾರ್ಬೆಕ್ಯೂ ಮಾಡಿದ್ದು ನೆನಪುಂಟಲ್ಲ? ದೂರದಲ್ಲಿ ಲೈಟ್‌ಹೌಸಿನ ಬೆಳಕು ತಿರುಗ್ತಾ ಇತ್ತು, ನೀವೆಲ್ಲ ಕೆಂಡದ ಸುತ್ತ ಕೂತಿದ್ರಿ. ನಾನು "ಮನೆಯಲ್ಲಿ ಊಟ ಮಾಡಿಯೇ ಬಂದೆ" ಅಂದೆ. ಊಟ ಮಾಡಿರಲಿಲ್ಲ. ಕೋಳಿ ಸುಡುವ ಪರಿಮಳಕ್ಕೆ ಹೊಟ್ಟೆ ಚುರುಗುಟ್ತಾ ಇತ್ತು. "ನಮ್ಮ ಕೈಯ ಅಡಿಗೆ ಇವಳಿಗೆ ಆಗುದಿಲ್ಲ" ಅಂತ ಯಾರೋ ಮೆಲ್ಲ ಹೇಳಿದ್ದೂ ಕೇಳಿಸ್ತು. ನಾನು ನಗಾಡಿ ಫೋನ್ ನೋಡಿದೆ.

ನನಗೆ ಆಗದೆ ಇದ್ದದ್ದು ನಿಮ್ಮ ಅಡಿಗೆ ಅಲ್ಲ. ಪ್ರತಿ ತುಂಡಿಗೂ ಮೊದಲೇ ಹಚ್ಚಿ ಇಟ್ಟಿದ್ದ ಆ ಕೆಂಪು ಸಾಸ್.

2/7

ನನಗೆ ಟೈಪ್ 1 ಡಯಾಬಿಟಿಸ್. ಪಿಯುಸಿಯಲ್ಲಿ ಗೊತ್ತಾಯ್ತು. ಕ್ಲಾಸಲ್ಲಿ ಇಬ್ಬರಿಗೆ ಬಿಟ್ರೆ ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಮೊದಲು ನಾನು ಟಾಯ್ಲೆಟಿಗೆ ಓಡುದು ಕನ್ನಡಿ ನೋಡ್ಲಿಕ್ಕೆ ಅಂತ ನೀವು ತಮಾಷೆ ಮಾಡ್ತೀರಲ್ಲ, ಅದು ಇನ್ಸುಲಿನ್ ಪೆನ್ ಚುಚ್ಚಿಕೊಳ್ಳಲಿಕ್ಕೆ.

"ಸ್ವೀಟ್ ತಿಂದು ತಿಂದು ಬಂತಾ?" ಅಂತ ಕೇಳುವ ಮೊದಲು ಹೇಳಿಬಿಡ್ತೇನೆ, ಅಲ್ಲ. ಟೈಪ್ 1ರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನು ಹಾಳು ಮಾಡ್ತದೆ. ಆಮೇಲೆ ಇನ್ಸುಲಿನ್ ಹೊರಗಿನಿಂದಲೇ ಬರಬೇಕು. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ 14 ವರ್ಷದ ಲೆನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದ್ರು. ಅದಕ್ಕೆ ಮೊದಲು ಇಂಥ ಮಕ್ಕಳಿಗೆ ಇದ್ದ ಚಿಕಿತ್ಸೆ ಹೆಚ್ಚುಕಡಿಮೆ ಉಪವಾಸ ಹಾಕುದು ಮಾತ್ರ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ್ದು ನವೆಂಬರ್ 14ಕ್ಕೆ. ಹಾಗಾಗಿ ಅದೇ ವಿಶ್ವ ಮಧುಮೇಹ ದಿನ. ನಮ್ಮಲ್ಲಿ ಅದೇ ದಿನ ಮಕ್ಕಳ ದಿನಾಚರಣೆ, ಶಾಲೆಯಲ್ಲಿ ಚಾಕ್ಲೇಟ್ ಹಂಚುವ ದಿನ!

ನಾನು ಸಕ್ಕರೆ ತಿನ್ನಲೇಬಾರದು ಅಂತ ಇಲ್ಲ. ತಿನ್ನುವ ಮೊದಲು ಅದರಲ್ಲಿ ಕಾರ್ಬ್ ಎಷ್ಟುಂಟು ಅಂತ ಲೆಕ್ಕ ಹಾಕಿ ಅಷ್ಟು ಇನ್ಸುಲಿನ್ ತಗೊಳ್ಬೇಕು. ಅನ್ನದ ಲೆಕ್ಕ ನನಗೆ ಬರ್ತದೆ, ನೀರುದೋಸೆಯದ್ದೂ ಬರ್ತದೆ. ಲೆಕ್ಕಕ್ಕೆ ಸಿಗದೆ ಒಳಗೆ ಹೋಗುವ ಸಕ್ಕರೆಯದ್ದೇ ನನಗೆ ಹೆದರಿಕೆ.

3/7

ಫಸ್ಟ್ ಇಯರಲ್ಲಿ ಒಮ್ಮೆ ಹಾಗೇ ಆಯ್ತು. ಒಂದು ಪಾರ್ಟಿಯಲ್ಲಿ ಬಾರ್ಬೆಕ್ಯೂ ಚಿಕನ್ ಐದಾರು ತುಂಡು ತಿಂದೆ. ಅನ್ನ ಇಲ್ಲ, ರೊಟ್ಟಿ ಇಲ್ಲ, ಬರೀ ಕೋಳಿ. ಕೋಳಿಯಲ್ಲಿ ಎಂತ ಸಕ್ಕರೆ? ಇನ್ಸುಲಿನ್ ತಗೊಳ್ಳಲಿಲ್ಲ. ರಾತ್ರಿ ಬಾಯಾರಿಕೆ ತಡೆಯಲಿಕ್ಕಾಗದೆ ಎದ್ದು ಚೆಕ್ ಮಾಡಿದ್ರೆ 318. ಅಮ್ಮ ಬೆಳಗಿನ ತನಕ ನನ್ನ ಹತ್ತಿರ ಕೂತಿದ್ರು. ಬೈಯಲಿಲ್ಲ. ಬೈದಿದ್ರೆ ಒಳ್ಳೇದಿತ್ತು.

ಮರುದಿನ ಅಂಗಡಿಗೆ ಹೋಗಿ ಬಾಟ್ಲಿಗಳನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ನೀವೂ ಒಮ್ಮೆ ಓದಿ. ಲೇಬಲ್ಲಲ್ಲಿ ಯಾವುದು ತೂಕದಲ್ಲಿ ಹೆಚ್ಚುಂಟೋ ಅದನ್ನು ಮೊದಲು ಬರೀಬೇಕು ಅಂತ ನಿಯಮ. ಸಿಹಿ ಬಾರ್ಬೆಕ್ಯೂ ಸಾಸಲ್ಲಿ ಸಕ್ಕರೆಯೋ ಕಾರ್ನ್ ಸಿರಪ್ಪೋ ಎಷ್ಟೋ ಸಲ ಮೊದಲನೇ ಹೆಸರೇ ಆಗಿರ್ತದೆ. ಎರಡು ಟೇಬಲ್ ಚಮಚದಲ್ಲಿ ಸುಮಾರು 12ರಿಂದ 16 ಗ್ರಾಂ ಸಕ್ಕರೆ. ಒಂದು ಟೀ ಚಮಚ ಸಕ್ಕರೆ ಅಂದ್ರೆ 4 ಗ್ರಾಂ. ಅಂದ್ರೆ ಕೋಳಿ ತುಂಡಿನ ಮೇಲೆ ಮೂರು ನಾಲ್ಕು ಚಮಚ ಸಕ್ಕರೆ ಸುರಿದ ಹಾಗೆ ಆಯ್ತು.

ಇನ್ನೆರಡು ವಿಷಯ. "ಶುಗರ್ ಫ್ರೀ" ಅಂತ ಬರೀಬೇಕಾದ್ರೆ ನಮ್ಮ ದೇಶದ ನಿಯಮದಲ್ಲಿ 100 ಗ್ರಾಂಗೆ ಅರ್ಧ ಗ್ರಾಂಗಿಂತ ಹೆಚ್ಚು ಸಕ್ಕರೆ ಇರಬಾರದು. "ನೋ ಆ್ಯಡೆಡ್ ಶುಗರ್" ಅಂದ್ರೆ ಬೇರೆ. ಮೇಲಿಂದ ಹಾಕಿಲ್ಲ ಅಂತ ಮಾತ್ರ, ಒಳಗೆ ಹಣ್ಣು ತರಕಾರಿಯದ್ದೇ ಸಕ್ಕರೆ ಇರಬಹುದು. ಮತ್ತೆ ಮಾಲ್ಟೋಡೆಕ್ಸ್‌ಟ್ರಿನ್ ಅಂತ ಒಂದು ಉಂಟು. ನಾಲಗೆಗೆ ಸಿಹಿ ಗೊತ್ತೇ ಆಗುದಿಲ್ಲ, ರಕ್ತದ ಸಕ್ಕರೆಯನ್ನು ಮಾತ್ರ ಸರ್ರಂತ ಏರಿಸ್ತದೆ. ಮುಂದಿನ ಲೇಬಲ್ ನೋಡಿ ನಂಬುದಲ್ಲ, ಹಿಂದಿನದ್ದನ್ನು ಓದುದು.

4/7

ಸರಿ, ನಾನೇ ಮಾಡುವ ಅಂತ ಹೊರಟೆ. ಹೇಗೆಲ್ಲ ಹಾಳಾಯ್ತು ಕೇಳಿ.

ಮೊದಲನೇದ್ದು: ಯಾವುದೋ ರೆಸಿಪಿ ನೋಡಿ ಸಕ್ಕರೆ ಮಾತ್ರ ಬಿಟ್ಟೆ. ಆದ್ರೆ ಅದಕ್ಕೆ ಒಂದು ಕಪ್ ಟೊಮೆಟೊ ಕೆಚಪ್ ಹಾಕ್ಲಿಕ್ಕಿತ್ತು. ಕೆಚಪ್ಪಿನ ಕಾಲು ಭಾಗದ ಹತ್ತಿರ ಸಕ್ಕರೆಯೇ.

ಎರಡನೇದ್ದು: ಚಿಕ್ಕಮ್ಮ ಹೇಳಿದ್ರು, "ಬೆಲ್ಲ ಹಾಕು ಮಗಾ, ಅದು ಎಂತ ಆಗುದಿಲ್ಲ." ಚಿಕ್ಕಮ್ಮನ ಮೇಲೆ ಪ್ರೀತಿ ಉಂಟು, ಆದ್ರೆ ಬೆಲ್ಲದಲ್ಲಿ ಇರುದೂ ಹೆಚ್ಚಿನದ್ದು ಸಕ್ಕರೆಯೇ. ಜೇನೂ ಹಾಗೇ. ಖರ್ಜೂರವೂ ಹಾಗೇ, ನೂರು ಗ್ರಾಂ ಖರ್ಜೂರದಲ್ಲಿ 60 ಗ್ರಾಂಗಿಂತ ಮೇಲೆ ಸಕ್ಕರೆ. "ನ್ಯಾಚುರಲ್" ಅಂದ್ರೆ ನನ್ನ ಮೀಟರಿಗೆ ಅರ್ಥ ಆಗುದಿಲ್ಲ.

ಮೂರನೇದ್ದು: ಸ್ಟೀವಿಯಾ. ಮೀಟರಿಗೆ ತೊಂದರೆ ಇಲ್ಲ. ಆದ್ರೆ ನಾನು ಕೈ ಜಾರಿ ಹೆಚ್ಚು ಹಾಕಿದೆ, ಕೊನೆಗೆ ಕಷಾಯದ ಹಾಗೆ ಕಹಿ ಉಳೀತು. ಅಣ್ಣ ಒಂದು ತುಂಡು ತಿಂದು "ಸೂಪರ್" ಅಂದು ಉಳಿದದ್ದನ್ನು ನಾಯಿಗೆ ಹಾಕಿದ. ನಾಯಿಯೂ ಮೂಸಿ ಹೋಯ್ತು.

ನಾಲ್ಕನೇದ್ದು: ಟೊಮೆಟೊ, ವಿನೆಗರ್, ಮೆಣಸು, ಬೇರೆ ಎಂತದ್ದೂ ಇಲ್ಲ. ನೀರು ನೀರು. ಕೋಳಿಗೆ ಹಚ್ಚಿದ್ದು ಅಂಟದೆ ಕೆಂಡಕ್ಕೆ ಸುರಿದು ಕೆಂಡವೇ ನಂದಿತು.

ಆಗ ಒಂದು ಗೊತ್ತಾಯ್ತು. ಸಾಸಲ್ಲಿ ಸಕ್ಕರೆ ಬರೀ ಸಿಹಿ ಮಾಡುದಲ್ಲ, ಮೂರು ಕೆಲಸ ಮಾಡ್ತದೆ. ಹುಳಿ ಖಾರವನ್ನು ಹದಕ್ಕೆ ತರ್ತದೆ. ಸಾಸನ್ನು ದಪ್ಪ ಮಾಡಿ ಮಾಂಸಕ್ಕೆ ಅಂಟಿಸ್ತದೆ. ಬಣ್ಣ, ಹೊಳಪು ಕೊಡ್ತದೆ. ಸಕ್ಕರೆ ತೆಗೆದ್ರೆ ಆ ಮೂರು ಕೆಲಸಕ್ಕೂ ಬೇರೆ ಜನ ನೋಡ್ಬೇಕು.

5/7

ಆ ಜನ ಸಿಕ್ಕಿದ್ದು ನಮ್ಮ ಬಚ್ಚಲು ಒಲೆಯಲ್ಲಿ.

ಡಿಸೆಂಬರಲ್ಲಿ ಅಜ್ಜಿ ಸ್ನಾನದ ನೀರಿನ ಒಲೆಯ ಕೆಂಡದಲ್ಲಿ ಗುಳ್ಳ ಸುಡ್ತಾ ಇದ್ರು, ಗೊಜ್ಜಿಗೆ. ಘಟ್ಟದ ಮೇಲಿನ ಫಾಲೋವರ್ಸಿಗೆ ಗೊತ್ತಿಲ್ಲದಿದ್ರೆ: ಮಟ್ಟು ಗುಳ್ಳ ಅಂದ್ರೆ ಕಾಪು ಹತ್ತಿರದ ಮಟ್ಟು ಊರಿನ ಬದನೆ. ತಿಳಿ ಹಸಿರು, ಚೆಂಡಿನ ಹಾಗೆ ಗುಂಡಗೆ, ತೊಟ್ಟಿನಲ್ಲಿ ಮುಳ್ಳು. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಅಂತ ಹಿರಿಯರು ಹೇಳ್ತಾರೆ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು.

ಅಜ್ಜಿ ಕಪ್ಪಾದ ಸಿಪ್ಪೆ ತೆಗೆದು ಕೈಯಲ್ಲಿ ಕಿವುಚಿದಾಗ ನೋಡಿದೆ: ದಪ್ಪ, ನುಣ್ಣಗೆ, ಹೊಗೆಯ ಪರಿಮಳ. ನಾನು ತಿಂಗಳಿಡೀ ಹುಡುಕಿದ್ದು ಅದೇ! ನೂರು ಗ್ರಾಂ ಬದನೆಯಲ್ಲಿ ಸಕ್ಕರೆ ಸುಮಾರು ಮೂರೂವರೆ ಗ್ರಾಂ ಮಾತ್ರ. ಸಾಸ್ ದಪ್ಪ ಆಗ್ಲಿಕ್ಕೆ ಗುಳ್ಳ. ಬಣ್ಣಕ್ಕೆ ಬ್ಯಾಡಗಿ ಮೆಣಸು, ಹೊಳಪಿಗೆ ತೆಂಗಿನೆಣ್ಣೆ. ಹದಕ್ಕೆ ಕೆಂಡದಲ್ಲಿ ಸುಟ್ಟ ನೀರುಳ್ಳಿ, ಸುಟ್ಟರೆ ಅದರ ಖಾರ ಹೋಗಿ ಮೆಲ್ಲನೆ ಒಂದು ಸಿಹಿ ಬರ್ತದೆ.

ಮಸಾಲೆ? ಅದು ಮನೆಯಲ್ಲೇ ಇತ್ತು. ಪುಳಿಮುಂಚಿ. ತುಳುವಿನಲ್ಲಿ ಪುಳಿ ಅಂದ್ರೆ ಹುಳಿ, ಮುಂಚಿ ಅಂದ್ರೆ ಮೆಣಸು. ಬಂಗುಡೆಗೆ ಅಮ್ಮ ವಾರಕ್ಕೊಮ್ಮೆ ಅರೆಯುವ ಅದೇ ಮಸಾಲೆ. ಹುಳಿ, ಖಾರ, ಉಪ್ಪು, ಸಕ್ಕರೆ ಇಲ್ಲವೇ ಇಲ್ಲ. ಬಾರ್ಬೆಕ್ಯೂ ಅಂದ್ರೆ ಸಿಹಿಯೇ ಅಂತ ಅಂದ್ಕೊಂಡದ್ದು ನಾವು. ಅಮೆರಿಕದಲ್ಲೇ ನಾರ್ತ್ ಕ್ಯಾರೊಲಿನಾದ ಪೂರ್ವ ಭಾಗದವರು ವಿನೆಗರ್ ಮತ್ತು ಮೆಣಸಿನ ತೆಳು ಸಾಸ್ ಹಾಕ್ತಾರೆ. ಆ ದಪ್ಪ ಸಿಹಿ ಕೆಂಪು ಸಾಸ್ ಕನ್ಸಾಸ್ ಸಿಟಿ ಕಡೆಯ ರುಚಿ. ಅವರವರ ಊರಿನ ಸಾಸ್ ಅವರವರಿಗೆ. ನಮ್ಮದು ಪುಳಿಮುಂಚಿ.

6/7

ರೆಸಿಪಿ. ಒಂದು ಕಿಲೋ ಕೋಳಿಗೆ ಸಾಕು, ಸುಮಾರು 450 ಗ್ರಾಂ ಸಾಸ್ ಆಗ್ತದೆ.

ಮಟ್ಟು ಗುಳ್ಳ 1 (ಸುಮಾರು 250 ಗ್ರಾಂ, ಸಿಗದಿದ್ರೆ ಬೇರೆ ದಪ್ಪ ಬದನೆ), ನೀರುಳ್ಳಿ 1, ಟೊಮೆಟೊ 2, ಬ್ಯಾಡಗಿ ಮೆಣಸು 10, ಬೆಳ್ಳುಳ್ಳಿ 8 ಎಸಳು, ಕೊತ್ತಂಬರಿ 2 ಟೀ ಚಮಚ, ಕಾಳುಮೆಣಸು 1, ಜೀರಿಗೆ ಅರ್ಧ, ಮೆಂತೆ ಕಾಲು. ಹುಣಸೆಹುಳಿ ಒಂದು ಅಡಿಕೆ ಗಾತ್ರ, ವಿನೆಗರ್ 3 ಟೇಬಲ್ ಚಮಚ, ತೆಂಗಿನೆಣ್ಣೆ 3 ಟೇಬಲ್ ಚಮಚ, ಉಪ್ಪು.

ಹುಳಿ ಯಾಕೆ ಅಷ್ಟು ಕಡಿಮೆ ಅಂದ್ರೆ, ಹುಣಸೆಯ ತಿರುಳಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಹುಳಿ ಜೋರಿರುವುದರಿಂದ ನಾಲಗೆಗೆ ಗೊತ್ತಾಗುದಿಲ್ಲ. ಹಾಗಾಗಿ ಪರಿಮಳಕ್ಕೆ ಹುಣಸೆ, ಉಳಿದ ಹುಳಿಗೆ ವಿನೆಗರ್.

1. ಗುಳ್ಳ, ನೀರುಳ್ಳಿ, ಟೊಮೆಟೊ ಕೆಂಡದಲ್ಲಿ ಸಿಪ್ಪೆ ಕಪ್ಪಾಗುವ ತನಕ ಸುಡಿ. ಗುಳ್ಳಕ್ಕೆ ಮೊದಲು ಚಾಕುವಿನಲ್ಲಿ ಎರಡು ಕಡೆ ಚುಚ್ಚಿ, ಇಲ್ಲದಿದ್ರೆ ಒಡೀತದೆ. ಗ್ಯಾಸ್ ಉರಿಯಲ್ಲೂ ಆಗ್ತದೆ. ಸಿಪ್ಪೆ ತೆಗೀರಿ.
2. ಮೆಣಸು, ಕೊತ್ತಂಬರಿ, ಕಾಳುಮೆಣಸು, ಜೀರಿಗೆ, ಮೆಂತೆ ಸಣ್ಣ ಉರಿಯಲ್ಲಿ ಹುರೀರಿ. ಮೆಂತೆ ಕರಟಿದ್ರೆ ಎಲ್ಲಾ ಕಹಿ.
3. ಎಲ್ಲಾ ಸೇರಿಸಿ ಬೆಳ್ಳುಳ್ಳಿ, ಹುಳಿ, ವಿನೆಗರ್ ಹಾಕಿ ನುಣ್ಣಗೆ ಅರೀರಿ.
4. ತೆಂಗಿನೆಣ್ಣೆ ಬಿಸಿ ಮಾಡಿ, ಅರೆದದ್ದು ಮತ್ತು ಉಪ್ಪು ಹಾಕಿ 15 ನಿಮಿಷ ಸಣ್ಣ ಉರಿಯಲ್ಲಿ ಮಗುಚಿ. ಎಣ್ಣೆ ಬದಿಗೆ ಬಿಟ್ಟರೆ ಆಯ್ತು.
5. ಹೊಗೆ ಇನ್ನೂ ಬೇಕಿದ್ರೆ ಗೆರಟೆಯ ಒಂದು ಕೆಂಡವನ್ನು ಸಣ್ಣ ಸ್ಟೀಲ್ ಬಟ್ಟಲಲ್ಲಿಟ್ಟು ಸಾಸಿನ ನಡುವೆ ಇಡಿ, ಎರಡು ಹನಿ ಎಣ್ಣೆ ಬಿಟ್ಟು 5 ನಿಮಿಷ ಮುಚ್ಚಿ.

ಇನ್ನೊಂದು ಲಾಭ. ಸಿಹಿ ಸಾಸನ್ನು ಮೊದಲೇ ಹಚ್ಚಿದ್ರೆ ಸಕ್ಕರೆ ಕರಟಿ ಹೊರಗೆ ಕಪ್ಪು, ಒಳಗೆ ಹಸಿ. ಇದನ್ನು ಮೊದಲೇ ಹಚ್ಚಿ ಸುಡಬಹುದು. ಆದ್ರೆ ಹಸಿ ಕೋಳಿ ಮುಟ್ಟಿದ ಸಾಸನ್ನು ಮತ್ತೆ ತಿನ್ನಲಿಕ್ಕೆ ಬಡಿಸ್ಬೇಡಿ, ಮೊದಲೇ ಬೇರೆ ತೆಗೆದಿಡಿ. ಫ್ರಿಜ್ಜಲ್ಲಿ ನಾನು ಒಂದು ವಾರ ಇಡ್ತೇನೆ.

ಲೆಕ್ಕ: ಎರಡು ಟೇಬಲ್ ಚಮಚಕ್ಕೆ ಸಕ್ಕರೆ ಸುಮಾರು 2 ಗ್ರಾಂ, ಒಟ್ಟು ಕಾರ್ಬ್ 3ರಿಂದ 4 ಗ್ರಾಂ. ಹಾಗಾಗಿ ಇದು ಕಾನೂನಿನ ಪ್ರಕಾರ "ಶುಗರ್ ಫ್ರೀ" ಅಲ್ಲ. ಸಕ್ಕರೆ ಹಾಕದ ಸಾಸ್, ಅಷ್ಟೇ. ಶುಗರ್ ಇರುವ ನಿಮ್ಮ ಅಪ್ಪನಿಗೋ ಅಜ್ಜನಿಗೋ ಮಾಡಿಕೊಡಿ, ಆದ್ರೆ ಮದ್ದು ಅಂತ ಹೇಳ್ಬೇಡಿ. ಮದ್ದು ಡಾಕ್ಟ್ರು ಕೊಟ್ಟದ್ದೇ.

7/7

ಮೊನ್ನೆ ನಮ್ಮ ಟೆರೇಸಲ್ಲಿ ನೀವು ತಿಂದದ್ದು ಇದೇ. ನಾನು ಹೇಳಿರಲಿಲ್ಲ. ಒಬ್ಬ "ಸ್ವಲ್ಪ ಸಿಹಿ ಬೇಕಿತ್ತು" ಅಂದ, ಅದು ಸರಿ ಕೂಡ. ಉಳಿದವರು ಬಟ್ಟಲು ಉಜ್ಜಿ ತಿಂದ್ರಿ. ನಿಮ್ಮ ಒಟ್ಟಿಗೆ ಕೂತು ನಿಮ್ಮಷ್ಟೇ ತಿಂದೆ, ಮನೆಗೆ ಬಂದು ನಿಮ್ಮ ಮುಖಕ್ಕೆ ಸುಳ್ಳು ಹೇಳಿದ ನೆನಪು ಇಲ್ಲದೆ ಮಲಗಿದೆ. ಮರುದಿನ ರೆಸಿಪಿ ಕೇಳಿ ಮೆಸೇಜ್ ಬಂದಾಗ, ಬರೀ ರೆಸಿಪಿ ಕಳಿಸಿದ್ರೆ ಅದೂ ಇನ್ನೊಂದು ಸುಳ್ಳೇ ಆಗ್ತದೆ ಅಂತ ಅನಿಸ್ತು.

ಇನ್ನು ಮುಂದೆ ನನಗೋಸ್ಕರ ಬೇರೆ ಅಡಿಗೆ ಮಾಡ್ಬೇಡಿ. ಎರಡು ತುಂಡು ಸಾಸ್ ಹಚ್ಚದೆ ಬದಿಗಿಡಿ, ಬಾಟ್ಲಿಯ ಹಿಂದಿನ ಲೇಬಲ್ ಫೋಟೋ ಕಳಿಸಿ. ಲೆಕ್ಕ ನಾನು ಮಾಡ್ತೇನೆ. "ಒಂದು ಪೀಸ್ ತಿಂದ್ರೆ ಎಂತ ಆಗುದಿಲ್ಲ" ಅಂತ ಒತ್ತಾಯ ಮಾತ್ರ ಬೇಡ.

ಮುಖ್ಯವಾದದ್ದು ಇದು, ಸೇವ್ ಮಾಡಿಕೊಳ್ಳಿ. ನನ್ನ ಸಕ್ಕರೆ ಕೆಲವೊಮ್ಮೆ 70ಕ್ಕಿಂತ ಕೆಳಗೂ ಹೋಗ್ತದೆ. ಆಗ ನಾನು ಬೆವರ್ತೇನೆ, ಕೈ ನಡುಗ್ತದೆ, ಅಸಂಬದ್ಧ ಮಾತಾಡ್ತೇನೆ, ಕಾರಣ ಇಲ್ಲದೆ ಸಿಟ್ಟು ಮಾಡ್ತೇನೆ. (ಕಾರಣ ಇದ್ದೇ ಸಿಟ್ಟು ಮಾಡುದೂ ಉಂಟು, ಅದು ಬೇರೆ.) ಆಗ ನನಗೆ ಸಕ್ಕರೆ ಬೇಕು, ಕೂಡಲೇ ಬೇಕು. ಬ್ಯಾಗಿನ ಮುಂದಿನ ಜಿಪ್ಪಲ್ಲಿ ಗ್ಲೂಕೋಸ್ ಪುಡಿ ಉಂಟು. ಅದು ಸಿಗದಿದ್ರೆ ನಾಲ್ಕು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. ಡಯಟ್ ಕೋಲಾ ಆಗುದಿಲ್ಲ, ಅದರಲ್ಲಿ ಸಕ್ಕರೆ ಇಲ್ಲ. 15 ನಿಮಿಷ ಬಿಟ್ಟು ಚೆಕ್ ಮಾಡಿ, ಕಡಿಮೆಯೇ ಇದ್ರೆ ಇನ್ನೊಮ್ಮೆ ಕೊಡಿ. ನನಗೆ ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬೇಡಿ. ಬದಿಗೆ ತಿರುಗಿಸಿ ಮಲಗಿಸಿ, 108ಕ್ಕೆ ಕಾಲ್ ಮಾಡಿ.

ಸಾಸಿಗೆ ಸಕ್ಕರೆ ಬೇಡ ಅನ್ನುವವಳ ಬ್ಯಾಗಲ್ಲಿ ಯಾವಾಗಲೂ ಸಕ್ಕರೆ ಇರ್ತದೆ. ಯಾವ ಜಿಪ್ಪಲ್ಲಿ ಅಂತ ಇಷ್ಟು ದಿನ ಇಬ್ಬರಿಗೆ ಮಾತ್ರ ಗೊತ್ತಿತ್ತು. ಈಗ ನಿಮಗೆಲ್ಲ ಗೊತ್ತಾಯ್ತಲ್ಲ.

ಗುಳ್ಳದ ಸೀಸನ್ ಮುಗಿಯುವ ಮೊದಲು ಇನ್ನೊಮ್ಮೆ ಸೇರುವ. ಕೋಳಿ ನಿಮ್ಮದು, ಸಾಸ್ ನನ್ನದು. ನಾನು ಹಸಿದೇ ಬರ್ತೇನೆ.

#ಎಲ್ಲೂರು #ಮಟ್ಟುಗುಳ್ಳ #ಪುಳಿಮುಂಚಿ #ಟೈಪ್1