ಆಮೆಯ ಬೆನ್ನಿನ ಮೇಲೊಂದು ಊರು

ಊರು ನಿಂತಲ್ಲೇ ನಿಂತಿರುತ್ತದೆ, ಜನ ಬಂದು ಹೋಗುತ್ತಾರೆ ಎಂಬುದು ಲೋಕದ ನಿಯಮ. ಅಲೆದಾಡುವ ದ್ವೀಪದಲ್ಲಿ ಈ ನಿಯಮ ತಿರುಗುಮುರುಗಾಗಿದೆ. ಅಲ್ಲಿಯ ಹೊಲಗದ್ದೆ, ಕೊಳ, ಬಿದಿರು ಮೆಳೆ, ಗುಡ್ಡ, ದೇಗುಲಗಳೆಲ್ಲ ಒಂದು ಮಹಾಕೂರ್ಮದ ಬೆನ್ನಿನ ಮೇಲಿವೆ. ಶೆನ್‌ಜಿನ್ ಸು ಎಂಬ ಹೆಸರಿನ ಆ ಕೂರ್ಮ ಕಡಲಿನಲ್ಲಿ ಈಜುತ್ತಲೇ ಇರುತ್ತದೆ. ಊರಿನ ಜನ ಮನೆಯಂಗಳದಲ್ಲಿ ನಿಂತುಕೊಂಡೇ ಪ್ರಪಂಚ ಸುತ್ತುತ್ತಾರೆ. ಮಂದರಪರ್ವತವನ್ನು ಬೆನ್ನಿನಲ್ಲಿ ಹೊತ್ತ ಕೂರ್ಮಾವತಾರದ ಕಥೆ ಕೇಳಿ ಬೆಳೆದವರಿಗೆ ಈ ಕಲ್ಪನೆ ಅಪರಿಚಿತವೆನಿಸಲಾರದು.

ಈ ದ್ವೀಪ ಭೂಪಟದಲ್ಲಿಲ್ಲ. ಅಮೆರಿಕದ ಬ್ಲಿಝಾರ್ಡ್ ಕಂಪೆನಿ 2004ರ ನವೆಂಬರ್‌ನಲ್ಲಿ ತೆರೆದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆನ್‌ಲೈನ್ ಆಟದೊಳಗೆ ಅದು ಇದೆ. ಬೇರೆ ಬೇರೆ ದೇಶಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಸಾವಿರಾರು ಜನರು ಒಂದೇ ಹೊತ್ತಿನಲ್ಲಿ ಆ ಲೋಕದಲ್ಲಿ ಓಡಾಡುತ್ತಾರೆ, ಕಾದುತ್ತಾರೆ, ವ್ಯಾಪಾರ ಮಾಡುತ್ತಾರೆ, ಹರಟುತ್ತಾರೆ. 2012ರ ಸೆಪ್ಟೆಂಬರ್ 25ರಂದು ಹೊರಬಂದ 'ಮಿಸ್ಟ್ಸ್ ಆಫ್ ಪಾಂಡರಿಯಾ' ಎಂಬ ವಿಸ್ತರಣೆಯು ಈ ಲೋಕಕ್ಕೆ ಎರಡನ್ನು ಹೊಸದಾಗಿ ಸೇರಿಸಿತು. ಒಂದು, ಪಾಂಡಾ ಕರಡಿಯ ಮೈಕಟ್ಟಿನ ಪಾಂಡರೆನ್ ಎಂಬ ಜನಾಂಗ. ಇನ್ನೊಂದು, ಮಾಂಕ್, ಅಂದರೆ ಬರಿಗೈಯಲ್ಲಿ ಕಾದುವ ಭಿಕ್ಷುವಿನ ಪಾತ್ರವರ್ಗ. ಅಲೆದಾಡುವ ದ್ವೀಪವು ಹೊಸ ಪಾಂಡರೆನ್ ಪಾತ್ರಗಳು ಕಣ್ಣು ಬಿಡುವ ಹುಟ್ಟೂರು.

ಪಾತ್ರವರ್ಗವೆಂದರೇನು ಎಂಬುದನ್ನು ಯಕ್ಷಗಾನದ ನಾಡಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಪುಂಡುವೇಷದ ಹೆಜ್ಜೆಯೇ ಬೇರೆ, ಬಣ್ಣದ ವೇಷದ ಗತ್ತೇ ಬೇರೆ, ಸ್ತ್ರೀವೇಷದ ನಡೆಯೇ ಬೇರೆ. ಹತ್ತು ವರ್ಷ ರಾಜವೇಷ ಕಟ್ಟಿದವನು ಒಂದು ರಾತ್ರಿ ಹಾಸ್ಯಕ್ಕೆ ನಿಲ್ಲಬೇಕಾಗಿ ಬಂದರೆ ಅದೇ ರಂಗಸ್ಥಳ ಅವನಿಗೆ ಹೊಸದಾಗಿ ಕಾಣುತ್ತದೆ. ಎಂಟು ವರ್ಷ ಕತ್ತಿಗುರಾಣಿಗಳ ವೀರನಾಗಿಯೋ ಬೆಂಕಿಯುಂಡೆ ಎಸೆಯುವ ಮಾಂತ್ರಿಕನಾಗಿಯೋ ಆಡಿದವನಿಗೆ ಭಿಕ್ಷುವಿನ ವರ್ಗ ಬಂದಾಗ ಆದದ್ದೂ ಅದೇ. ಕೈ ಪಳಗಿದ್ದರೂ ಕಾಲು ಮತ್ತೆ ಅಂಬೆಗಾಲಿಡಬೇಕಾಗುತ್ತದೆ.

ದ್ವೀಪದ ಸ್ಥಳಪುರಾಣ ಹೀಗಿದೆ. ಹತ್ತು ಸಾವಿರ ವರ್ಷಗಳ ಹಿಂದೆ ಲೋಕ ಒಡೆದಾಗ ಪಾಂಡರಿಯಾದ ದೊರೆ ತನ್ನ ನಾಡನ್ನು ಮಂಜಿನಿಂದ ಮರೆಮಾಡಿದ. ಮಂಜಿನಾಚೆ ಏನೂ ಉಳಿದಿಲ್ಲವೆಂದು ಜನ ನಂಬಿದರು. ನಂಬದವನು ಲಿಯು ಲಾಂಗ್ ಒಬ್ಬನೇ. ಆಮೆಗಳು ಎಲ್ಲಿಂದಲೋ ತಮ್ಮ ದಡಕ್ಕೇ ಮರಳಿ ಬರುವುದನ್ನು ಕಂಡ ಅವನು ಒಂದು ಆಮೆಯ ಬೆನ್ನೇರಿ ಹೊರಟ. ಐದೈದು ವರ್ಷಗಳಿಗೊಮ್ಮೆ ಅದೇ ದಡಕ್ಕೆ ಬಂದ. ಬಂದಾಗಲೆಲ್ಲ ಆಮೆ ಮೊದಲಿಗಿಂತ ದೊಡ್ಡದಾಗಿತ್ತು. ಊರಿನಲ್ಲಿ ಉಸಿರು ಕಟ್ಟಿದಂತಾದವರು ಒಬ್ಬೊಬ್ಬರಾಗಿ ಅವನ ಜತೆ ಹೊರಟರು. ಅವರ ಸಂತತಿಯೇ ದ್ವೀಪದ ಜನ. ಮೂಲನಾಡನ್ನು ಬಿಟ್ಟು ತಲೆಮಾರುಗಳಾಗಿದ್ದರೂ ಅವರು ಮಾತು, ಊಟ, ಹಬ್ಬಗಳನ್ನು ಬಿಟ್ಟಿಲ್ಲ.

ಹೊಸ ಪಾತ್ರ ಕಣ್ಣು ಬಿಡುವುದು ಗುರು ಶಾಂಗ್ ಶಿಯ ಗರಡಿಯಲ್ಲಿ. ಬೆಟ್ಟದ ಮಗ್ಗುಲಿನ ಆ ಅಂಗಳದಲ್ಲಿ ಸಹಪಾಠಿಗಳು ಸಾಲಾಗಿ ನಿಂತು ಕೈಕಾಲು ಬೀಸುತ್ತಿರುತ್ತಾರೆ. ಅಲ್ಲಿಂದ ದಾರಿ ಕೆಳಗಿಳಿದು ಹಾಡುವ ಕೊಳಗಳೆಂಬಲ್ಲಿಗೆ ಹೋಗುತ್ತದೆ. ಕೊಳದ ಮಧ್ಯೆ ನೆಟ್ಟ ಕಂಬಗಳ ತುದಿಯಲ್ಲಿ ಭಿಕ್ಷುಗಳು ಸಮತೋಲ ಕಾಯ್ದುಕೊಂಡು ಕಾದುತ್ತಾರೆ. ನೀರಿಗೆ ಬಿದ್ದವನು ಮತ್ತೆ ಮೇಲೇರಿ ಬರಬೇಕು. ಆಚೆಗೆ ದಾಯ್‌ಲೊ ಎಂಬ ಒಕ್ಕಲು ಪ್ರದೇಶ. ಅಲ್ಲಿ ಮೊಲದಂಥ ಪುಂಡು ಪ್ರಾಣಿಗಳು ತರಕಾರಿ ಪಾತಿಗೆ ನುಗ್ಗುತ್ತವೆ. ಅವನ್ನು ಓಡಿಸುವುದೇ ಶಿಷ್ಯನ ಮೊದಮೊದಲ ಪರಾಕ್ರಮಗಳಲ್ಲೊಂದು. ಹಂದಿ, ಮಂಗಗಳ ಕಾಟದಲ್ಲಿ ತೋಟ ಉಳಿಸಿಕೊಳ್ಳುವವರಿಗೆ ಇಂಥ ಪರಾಕ್ರಮದ ಬೆಲೆ ಗೊತ್ತು.

ಗುರುವಿನ ಅಪ್ಪಣೆ ಒಂದೇ: ಅಗ್ನಿ, ಜಲ, ಭೂಮಿ, ವಾಯುಗಳ ನಾಲ್ಕು ಚೇತನಗಳನ್ನು ಹುಡುಕಿ ನಡುವಿನ ಪಂಚೋದಯ ದೇಗುಲಕ್ಕೆ ಕರೆತರಬೇಕು. ಅಗ್ನಿಯ ಹೆಸರು ಹುವೊ, ಜಲದ್ದು ಶು, ಭೂಮಿಯದು ವುಗೌ, ವಾಯುವಿನದು ದಾಫೆಂಗ್. ಇವರಲ್ಲಿ ವುಗೌ ಗಾಢ ನಿದ್ರೆಯಲ್ಲಿದ್ದಾನೆ. ಅವನನ್ನು ಎಬ್ಬಿಸುವ ಉಪಾಯ ಮನೆಮನೆಯದೇ: ಜಲಚೇತನ ಶು ಬಂದು ಅವನ ಮೇಲೆ ನೀರೆರಚುತ್ತದೆ.

ಈ ಸಂಚಾರದ ನಡುವೆ ಭಿಕ್ಷುವಿನ ವಿದ್ಯೆ ಮೈಗೆ ಹತ್ತುತ್ತದೆ. ಭಿಕ್ಷು ತನ್ನ ದೇಹಬಲವನ್ನು ವ್ಯಯಿಸಿ ಚಿಕ್ಕ ಗುದ್ದು ಹಾಕುತ್ತಾನೆ. ಪ್ರತಿ ಗುದ್ದಿಗೂ 'ಚಿ' ಎಂಬ ಒಳಶಕ್ತಿ ಕೂಡಿಕೊಳ್ಳುತ್ತದೆ. ಕೂಡಿದ್ದನ್ನು ಖರ್ಚು ಮಾಡಿ ದೊಡ್ಡ ಒದೆ ಒದೆಯುತ್ತಾನೆ. ಕೂಡಿಡದೆ ಖರ್ಚಿಲ್ಲ, ಮಿತಿ ಮೀರಿ ಕೂಡಿಟ್ಟರೆ ಹೆಚ್ಚಿನದು ವ್ಯರ್ಥ. ನಡುನಡುವೆ ಉರುಳಿಕೊಂಡು ಮುಂದೆ ಹಾರುವ ವರಸೆಯೊಂದಿದೆ. ಅದನ್ನು ಕಲಿತ ಹೊಸಬನು ಅಗತ್ಯವಿಲ್ಲದಿದ್ದರೂ ಊರೆಲ್ಲ ಉರುಳಿಯೇ ಓಡಾಡುತ್ತಾನೆ.

ಹತ್ತನೆಯ ಹಂತದಲ್ಲಿ ಮೂರು ದಾರಿಗಳು ತೆರೆಯುತ್ತವೆ. ವಿಂಡ್‌ವಾಕರ್ ಎದುರಾಳಿಯನ್ನು ಕೆಡಹುವವನು. ಮಿಸ್ಟ್‌ವೀವರ್ ಜತೆಗಾರರ ಗಾಯ ಮಾಯಿಸುವವನು. ಅವನ ವಿದ್ಯೆಯಲ್ಲಿ ಶತ್ರುವಿಗೆ ಬಿದ್ದ ಗುದ್ದೇ ಮಿತ್ರನಿಗೆ ಮದ್ದಾಗುವ ಚಮತ್ಕಾರವೂ ಇದೆ. ಬ್ರೂಮಾಸ್ಟರ್ ಎಲ್ಲರ ಮುಂದೆ ನಿಂತು ಪೆಟ್ಟು ತಿನ್ನುವವನು, ಸೊಂಟದಲ್ಲಿ ಮದ್ಯದ ಬುರುಡೆ ಕಟ್ಟಿಕೊಂಡವನು. ಅವನ ರಕ್ಷಣೆಯ ಗುಟ್ಟು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆಲ್ಲ ಪರಿಚಿತವಾದದ್ದು. ಬಿದ್ದ ಪೆಟ್ಟಿನ ಒಂದು ಪಾಲನ್ನು ಅವನು ಕೂಡಲೇ ತಿನ್ನುವುದಿಲ್ಲ, ಮುಂದೂಡುತ್ತಾನೆ; ಅದು ಕಂತುಕಂತಾಗಿ ಬಂದು ತಟ್ಟುತ್ತದೆ. ವಾಯಿದೆ ಸಿಕ್ಕಿತೆಂದರೆ ಸಾಲ ತೀರಿತೆಂದಲ್ಲ. ಹೊತ್ತು ನೋಡಿ ಶುದ್ಧಿಯ ಮದ್ಯ ಕುಡಿದು ಬಾಕಿಯನ್ನು ತೊಳೆದುಕೊಳ್ಳಬೇಕು. ಮರೆತವನು ಕಂತುಗಳ ಭಾರಕ್ಕೇ ಕುಸಿಯುತ್ತಾನೆ.

ನಾಲ್ಕು ಚೇತನಗಳು ದೇಗುಲ ಸೇರಿದ ಮೇಲೆ ಗುರು ಶಿಷ್ಯನನ್ನು ಊರುಗೋಲುಗಳ ವನಕ್ಕೆ ಕರೆದೊಯ್ಯುತ್ತಾನೆ. ದ್ವೀಪದ ಹಿರಿಯರು ಕಾಲ ಬಂದಾಗ ತಮ್ಮ ಊರುಗೋಲನ್ನು ನೆಡುವುದು ಅಲ್ಲಿ. ಶಾಂಗ್ ಶಿಯೂ ತನ್ನ ಕೋಲನ್ನು ನೆಟ್ಟು ಕಣ್ಮರೆಯಾಗುತ್ತಾನೆ. ಗಂಟೆಗೊಮ್ಮೆ ಸತ್ತು ಗಂಟೆಗೊಮ್ಮೆ ಎದ್ದು ಬರುವ ಪಾತ್ರಗಳ ಆಟದಲ್ಲಿ ಮರಳಿ ಬಾರದ ಸಾವೊಂದು ಇಷ್ಟು ಸದ್ದಿಲ್ಲದೆ ಬರುವುದನ್ನು ಆಟಗಾರ ನಿರೀಕ್ಷಿಸಿರುವುದಿಲ್ಲ. ಸುತ್ತ ನೆಟ್ಟ ಕೋಲುಗಳೆಲ್ಲ ಒಂದೊಂದು ಬಾಳು ಎಂಬುದು ಆಗಷ್ಟೇ ಅವನ ಅರಿವಿಗೆ ಬರುತ್ತದೆ.

ಬಳಿಕ ಬಿಸಿಗಾಳಿಯ ಬಲೂನಿನಲ್ಲಿ ಕೂರ್ಮದ ಮುಖದವರೆಗೆ ಪ್ರಯಾಣ. ಗುಡ್ಡದಷ್ಟು ದೊಡ್ಡ ತಲೆಯ ಮುಂದೆ ಬಲೂನು ತೇಲುತ್ತದೆ. ತನ್ನ ಪಕ್ಕೆಯಲ್ಲಿ ಮುಳ್ಳೊಂದು ಚುಚ್ಚಿದೆ ಎಂದು ಕೂರ್ಮ ನೋವು ಹೇಳಿಕೊಳ್ಳುತ್ತದೆ. ಹೋಗಿ ನೋಡಿದರೆ ಆ ಮುಳ್ಳು ಒಂದು ಹಡಗು. ಅದು ಹೊರಲೋಕದಲ್ಲಿ ಪರಸ್ಪರ ಕಾದುವ ಎರಡು ಮಹಾಪಕ್ಷಗಳ ಪೈಕಿ ಅಲಯನ್ಸ್‌ಗೆ ಸೇರಿದ ಗಗನನೌಕೆ. ಅದರೊಳಗೆ ಎದುರುಪಕ್ಷವಾದ ಹೋರ್ಡ್‌ನ ಸೆರೆಯಾಳುಗಳಿದ್ದರು. ಬೇರೆಯವರ ಯುದ್ಧದ ತುಂಡೊಂದು ಯಾರ ಜಗಳಕ್ಕೂ ಹೋಗದ ಊರಿನ ಪಕ್ಕೆಗೆ ನೆಟ್ಟಿದೆ.

ಇಲ್ಲಿ ಊರಿನ ಇಬ್ಬರು ಯುವ ನಾಯಕರ ದಾರಿ ಕವಲೊಡೆಯುತ್ತದೆ. ಐಸಾ ಕ್ಲೌಡ್‌ಸಿಂಗರ್ ತುಶುಯಿ ಪಂಥದವಳು: ಧ್ಯಾನ, ಸಂಯಮ, ಹಿಡಿದ ಧರ್ಮವನ್ನು ಬಿಡದ ನಡೆ. ಜಿ ಫೈರ್‌ಪಾ ಹುವೊಜಿನ್ ಪಂಥದವನು: ಕಣ್ಣೆದುರಿನ ಕೇಡಿಗೆ ಕೈಕಟ್ಟಿ ಕೂರುವುದೇ ಅಧರ್ಮವೆಂದು ತಿಳಿದವನು. ಹಡಗನ್ನು ಸಿಡಿಸಿ ಕಿತ್ತರೆ ಕೂರ್ಮ ರಕ್ತ ಸೋರಿ ಸಾಯಬಹುದು ಎಂದು ಐಸಾ. ಬಿಟ್ಟರೂ ಸಾಯುತ್ತದೆ ಎಂದು ಜಿ. ಜಿಯ ಮಾತೇ ನಡೆಯುತ್ತದೆ. ರಕ್ತ ಚಿಮ್ಮುತ್ತದೆ. ಅಲಯನ್ಸ್, ಹೋರ್ಡ್ ಎರಡೂ ಕಡೆಯ ವೈದ್ಯರು ಊರಿನವರೊಡನೆ ಸೇರಿ ಗಾಯ ಮುಚ್ಚುತ್ತಾರೆ. ಕೂರ್ಮ ಬದುಕುತ್ತದೆ, ಐಸಾ ಮತ್ತು ಜಿಯ ನಡುವಿನ ಬಿರುಕು ಕೂಡುವುದಿಲ್ಲ. ಇಬ್ಬರಲ್ಲಿ ಯಾರದು ಸರಿ ಎಂಬುದಕ್ಕೆ ಆಟ ತೀರ್ಪು ಕೊಡುವುದಿಲ್ಲ. ಫಲ ಒಳ್ಳೆಯದಾಯಿತು ಎಂಬ ಮಾತ್ರಕ್ಕೆ ತೆಗೆದುಕೊಂಡ ಅಪಾಯ ನ್ಯಾಯವಾಗುವುದೇ ಎಂಬ ಪ್ರಶ್ನೆಯನ್ನು ಆಟಗಾರನ ಕೈಗಿಟ್ಟು ಸುಮ್ಮನಾಗುತ್ತದೆ.

ಐಸಾ ಅಲಯನ್ಸ್‌ಗೆ, ಜಿ ಹೋರ್ಡ್‌ಗೆ. ಆಟಗಾರನೂ ಈಗ ಒಂದು ಕಡೆ ಹೆಸರು ಬರೆಸಬೇಕು. ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ, ಒಂದು ಗುಂಡಿ ಒತ್ತಬೇಕಾಗುತ್ತದೆ, ಅಲ್ಲಿಗೆ ಹುಟ್ಟೂರಿನ ಋಣ ಮುಗಿಯಿತು. ಒಬ್ಬ ಸ್ಟಾರ್ಮ್‌ವಿಂಡ್ ನಗರಕ್ಕೆ, ಇನ್ನೊಬ್ಬ ಆರ್ಗ್ರಿಮಾರ್‌ಗೆ. ಹಣ ತೆತ್ತು ಪಕ್ಷ ಬದಲಿಸುವ ಸೌಲಭ್ಯವನ್ನು ಕಂಪೆನಿ ಕೊಡುತ್ತದೆ. ಪಕ್ಷವಿಲ್ಲದವನಾಗಿ ಮರಳುವ ಸೌಲಭ್ಯವಿಲ್ಲ. ಒಬ್ಬ ಆಟಗಾರ ಮಾತ್ರ ಆ ಗುಂಡಿಯನ್ನು ಒತ್ತಲೇ ಇಲ್ಲ. ದ್ವೀಪದಲ್ಲೇ ಉಳಿದು, ಗಿಡಮೂಲಿಕೆ ಕೀಳುತ್ತ, ಅದಿರು ಅಗೆಯುತ್ತ ಅವನು 90ನೆಯ ಹಂತವನ್ನೂ ದಾಟಿದ. ಹತ್ತು ಹನ್ನೆರಡು ಹಂತಗಳಲ್ಲಿ ಬಿಡಬೇಕಾದ ಊರಿನಲ್ಲಿ ಅಷ್ಟು ಮೇಲೇರಲು ಬೇಕಾದ ತಾಳ್ಮೆಯನ್ನು ಊಹಿಸುವುದೇ ಕಷ್ಟ. ತಟಸ್ಥನಾಗಿ ಉಳಿಯಬಹುದು, ಆದರೆ ಅದಕ್ಕೆ ಉಳಿದ ಲೋಕವನ್ನೆಲ್ಲ ಬೆಲೆಯಾಗಿ ತೆರಬೇಕು ಎಂದು ಅವನ ಬಾಳು ತೋರಿಸಿತು.

ಗುಂಡಿ ಒತ್ತಿದವರು ತೆರುವ ಬೆಲೆ ಬೇರೆ. ಆಟದಲ್ಲಿ ಎರಡು ಪಕ್ಷಗಳಿಗೆ ಎರಡು ಭಾಷೆ. ಒಬ್ಬ ಬರೆದದ್ದು ಎದುರುಪಕ್ಷದವನ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳಾಗಿ ಮೂಡುತ್ತದೆ. ಹೋರ್ಡ್‌ನವನು ನಕ್ಕು 'ಲೋಲ್' ಎಂದು ಬರೆದರೆ ಅಲಯನ್ಸ್‌ನವನಿಗೆ ಕಾಣುವುದು 'ಕೆಕ್'. ದ್ವೀಪದಲ್ಲಿರುವಷ್ಟು ದಿನ ಪಾಂಡರೆನ್ನರಿಗೆ ಒಂದೇ ಮಾತು. ಪಕ್ಷ ಸೇರಿದ ಮೇಲೆ ಅವರ ಭಾಷೆಯ ಹೆಸರು ಪಾಂಡರೆನ್ ಎಂದೇ ಉಳಿಯುತ್ತದೆ. ಆದರೆ ಯಂತ್ರದ ಲೆಕ್ಕದಲ್ಲಿ ತಟಸ್ಥರದೊಂದು, ಅಲಯನ್ಸ್‌ನವರದೊಂದು, ಹೋರ್ಡ್‌ನವರದೊಂದು ಎಂದು ಮೂರು ಪಾಂಡರೆನ್. ನಿನ್ನೆಯವರೆಗೆ ಒಂದೇ ಕೊಳದ ಕಂಬಗಳ ಮೇಲೆ ಒಟ್ಟಿಗೆ ಕಾದಿದ ಇಬ್ಬರು ಇಂದು ದಾರಿಯಲ್ಲಿ ಎದುರಾದರೆ ತಲೆ ಬಾಗಿಸಬಹುದು, ಕೈ ಬೀಸಬಹುದು. ತಾಯಿನುಡಿಯಲ್ಲಿ ಆಡಿದ ಮಾತು ಮಾತ್ರ ಆಚೆ ದಾಟುವುದಿಲ್ಲ.

ಗೆರೆಯೊಂದು ಭಾಷೆಯ ನಡುವೆ ಹಾಯುವುದೆಂದರೇನು ಎಂಬುದನ್ನು ಚಂದ್ರಗಿರಿ ಹೊಳೆಯ ದಡದವರು ಆಟದಿಂದ ಕಲಿಯಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಯಾರ ಮುಂದೆಯೂ ಗುಂಡಿ ಇರಲಿಲ್ಲ. ಗೆರೆ ಎಳೆದ ಮೇಲೆ ಜನರಿಗೆ ಸುದ್ದಿ ಬಂತು. ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಗೆರೆ ಕದಲಲಿಲ್ಲ. ಅದೇ 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣ ದೊರಕಿಸಲು ಸರಕಾರಗಳು ಯತ್ನಿಸಬೇಕೆಂದು ಹೇಳುತ್ತದೆ. ಆದರೂ ಆಟಕ್ಕೂ ಬಾಳಿಗೂ ಒಂದು ದೊಡ್ಡ ಅಂತರವಿದೆ. ಆಟದ ಗೆರೆ ಕಿವಿಯನ್ನು ಮುಚ್ಚುತ್ತದೆ. ಇಲ್ಲಿಯ ಗೆರೆ ಕಿವಿ ಮುಚ್ಚಲಿಲ್ಲ. ಸಪ್ತಭಾಷೆಗಳ ಈ ನೆಲದಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿಗಳ ನಡುವೆ ಕನ್ನಡದ ಮನೆಮಾತೂ ನಡೆದು ಬಂದಿದೆ. ಯಂತ್ರ ಒಂದೇ ಕ್ಷಣದಲ್ಲಿ ಅಳಿಸಬಲ್ಲ ತಿಳಿವಳಿಕೆಯನ್ನು ಮನುಷ್ಯರಲ್ಲಿ ಅಳಿಸಲು ತಲೆಮಾರುಗಳ ಅಲಕ್ಷ್ಯ ಬೇಕು. ಎಚ್ಚರ ಬೇಕಾಗಿರುವುದೂ ಅಲ್ಲಿಯೇ.

ದ್ವೀಪದ ಕಥೆ ಅಗಲಿಕೆಯಲ್ಲೇ ಮುಗಿಯಲಿಲ್ಲ. 2013ರಲ್ಲಿ ಹೋರ್ಡ್‌ನ ನಾಯಕ ಗಾರೋಷ್ ತನ್ನವರ ಮೇಲೆಯೇ ತಿರುಗಿಬಿದ್ದಾಗ ಸೆರೆ ಸೇರಿದ್ದ ಜಿಯ ಬಳಿಗೆ ಐಸಾ ಬಂದಳು. 2016ರ ಆಗಸ್ಟ್‌ನಲ್ಲಿ ಬಂದ 'ಲೀಜನ್' ವಿಸ್ತರಣೆಯು ಒಂದೊಂದು ಪಾತ್ರವರ್ಗಕ್ಕೂ ಪಕ್ಷಭೇದವಿಲ್ಲದ ಒಂದೊಂದು ನೆಲೆ ಕೊಟ್ಟಿತು. ಭಿಕ್ಷುಗಳಿಗೆ ಸಿಕ್ಕ ನೆಲೆ ಅದೇ ಕೂರ್ಮದ ಬೆನ್ನಿನ ಪಂಚೋದಯ ದೇಗುಲ. ನಾಲ್ಕು ವರ್ಷಗಳ ಹಿಂದೆ ಬೆನ್ನು ತಿರುಗಿಸಿ ಹೋದವರು ಅದೇ ಜಗಲಿಗೆ ಮರಳಿ ಬಂದರು. ಪರಸ್ಪರ ಕೈ ಮಾಡುವಂತಿಲ್ಲ ಎಂಬ ಕಟ್ಟಳೆ ಅಲ್ಲಿತ್ತು. ಮಾತು ಮಾತ್ರ ಇನ್ನೂ ಬೆಸೆದಿರಲಿಲ್ಲ. 2022ರ ಮೇ ತಿಂಗಳಿನಿಂದ ಎರಡೂ ಪಕ್ಷದ ಆಟಗಾರರು ಒಂದೇ ತಂಡ ಕಟ್ಟಿಕೊಂಡು ಗುಹೆ ಕೋಟೆಗಳಿಗೆ ನುಗ್ಗಬಹುದಾಯಿತು. ತಂಡದೊಳಗಿನ ಮಾತು ಎಲ್ಲರಿಗೂ ತಿಳಿಯತೊಡಗಿತು. ಹದಿನೇಳು ವರ್ಷ ನಿಂತಿದ್ದ ಗೋಡೆಯಲ್ಲಿ ಕಿಂಡಿ ತೆರೆಯಿತು.

ಇಂದು ಹೊಸದಾಗಿ ಭಿಕ್ಷುವೇಷ ಕಟ್ಟುವವನಿಗೂ ಅಲೆದಾಡುವ ದ್ವೀಪದ ದಾರಿ ತೆರೆದಿದೆ. ದಾರಿ ದೊಡ್ಡದಲ್ಲ, ಒಂದೆರಡು ಸಂಜೆಗಳಲ್ಲಿ ಮುಗಿಯುತ್ತದೆ. ಅವಸರವಿಲ್ಲದವನು ಊರುಗೋಲುಗಳ ವನದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಕೊಳದ ಕಂಬದ ಮೇಲೆ ಎದುರಿಗಿರುವವನು ಯಾರೆಂದು ಕೇಳಿ ನಾಲ್ಕು ಮಾತಾಡಬೇಕು. ಇಬ್ಬರ ಮಾತೂ ಇಬ್ಬರಿಗೂ ತಿಳಿಯುವ ಕಾಲ ಅದು.