ಜೋಗ ನೋಡಲು ಹೊರಡುವ ಮುನ್ನ



ಮುಲುಂಡಿನಲ್ಲೇ ಹುಟ್ಟಿ ಬೆಳೆದ ನಿಮಗೆ ಕರ್ನಾಟಕವೆಂದರೆ ಹೆಚ್ಚಾಗಿ ಅಜ್ಜಿಮನೆ, ಮದುವೆ ಮನೆ, ಇಲ್ಲವೇ ಕುಲದೇವರ ಸನ್ನಿಧಿ. ಮನೆಮಾತು ಕನ್ನಡವೋ ತುಳುವೋ ಕೊಂಕಣಿಯೋ, ರಜೆ ಬಂತೆಂದರೆ ಅದೇ ದಾರಿ. ಈ ಸಲ ಒಂದು ಬದಲಾವಣೆ ಮಾಡಿ. ಹತ್ತಾರು ಮಂದಿ ಗುಂಪುಗೂಡಿ ಜೋಗಕ್ಕೆ ಹೋಗಿಬನ್ನಿ.

ಹೋಗುವುದು ಕಷ್ಟವೇನಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಊರು ನಮಗೆ ಹತ್ತಿರವಾಯಿತು. ಮಧ್ಯಾಹ್ನ ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿದರೆ ಬೆಳಕು ಹರಿಯುವ ಮೊದಲೇ ಕುಮಟಾ. ಅಲ್ಲಿಂದ ಹೊನ್ನಾವರ. ಹೊನ್ನಾವರದಿಂದ ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿದರೆ ಸುಮಾರು ಅರವತ್ತು ಕಿಲೋಮೀಟರಿಗೆ ಜೋಗ. ಇದೇ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದಿದ್ದರು. ಘಟ್ಟದ ತಿರುವುಗಳಲ್ಲಿ ಅವಳ ಕಥೆ ಹೇಳುತ್ತ ಹೋದರೆ ವಾಂತಿಯ ನೆನಪೂ ಬಾರದು!

2025ರ ಡಿಸೆಂಬರಿನಲ್ಲಿ ನಮ್ಮ ಹದಿನಾರು ಜನರ ತಂಡ ಹೀಗೆಯೇ ಹೋಗಿತ್ತು. ಕೆನಡಾದಲ್ಲಿ ಓದುತ್ತಿರುವ ನನ್ನ ತಮ್ಮನ ಮಗಳೂ ರಜೆಗೆ ಬಂದವಳು ಜೊತೆಗಿದ್ದಳು. ಹಿಂದಿನ ಬೇಸಿಗೆಯಲ್ಲಿ ಕಾಲೇಜಿನ ಗೆಳತಿಯರೊಡನೆ ನಯಾಗರಕ್ಕೆ ಹೋಗಿ, ಕೆಂಪು ಮಳೆಯಂಗಿ ತೊಟ್ಟು ದೋಣಿಯಲ್ಲಿ ಜಲಪಾತದ ಬುಡದವರೆಗೂ ಹೋಗಿ ನೆನೆದು ಬಂದಿದ್ದಳು. ರೈಲಿನುದ್ದಕ್ಕೂ ನಮಗೆಲ್ಲ ಅದರದ್ದೇ ವರ್ಣನೆ. ಜೋಗದ ಕಟಕಟೆಗೆ ಬಂದು ನಿಂತವಳು ಎದುರಿನ ಕರಿಬಂಡೆ ನೋಡಿ, "ಅತ್ತೆ, ಫೋಟೋದಲ್ಲಿ ತೋರಿಸಿದ್ದು ಇದೇನಾ? ನೀರೆಲ್ಲಿ?" ಎಂದಳು.

ಪ್ರಶ್ನೆ ಸರಿಯಾಗಿಯೇ ಇತ್ತು. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು ಅಂದು ನಾಲ್ಕು ಬಿಳಿ ದಾರಗಳಂತಿದ್ದವು. ಎತ್ತರದಲ್ಲೇನೂ ಕಡಿಮೆಯಿಲ್ಲ, 253 ಮೀಟರು. ಮಹಡಿಗೆ ಮೂರು ಮೀಟರಿನಂತೆ ಲೆಕ್ಕ ಹಾಕಿದರೆ ಎಂಬತ್ತನಾಲ್ಕು ಮಹಡಿ! ನಯಾಗರ ಅರವತ್ತು ಮೀಟರೂ ಇಲ್ಲ. ಆದರೆ ಜೋಗದ ನೀರನ್ನು ಮೇಲ್ಗಡೆಯೇ ಲಿಂಗನಮಕ್ಕಿಯಲ್ಲಿ ತಡೆದಿದ್ದಾರೆ. 1948ರಲ್ಲಿ ಇಲ್ಲಿ ಮಹಾತ್ಮಾ ಗಾಂಧಿ ವಿದ್ಯುದಾಗಾರ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಅದರ ನೀರಿನಿಂದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು 1035 ಮೆಗಾವಾಟ್ ವಿದ್ಯುತ್ ಕೊಡಬಲ್ಲವು. ಅಣೆಕಟ್ಟು ತುಂಬಿ ಬಾಗಿಲು ತೆರೆದ ದಿನಗಳಲ್ಲಿ ಮಾತ್ರ ಜೋಗ ಹಳೆಯ ಜೋಗವಾಗುತ್ತದೆ.

ನಯಾಗರದಲ್ಲೂ ವಿದ್ಯುತ್ತಿಗಾಗಿ ನೀರು ತಿರುಗಿಸುತ್ತಾರೆ. ಆದರೆ ಅಮೆರಿಕ ಮತ್ತು ಕೆನಡಾ 1950ರಲ್ಲಿ ಒಪ್ಪಂದ ಮಾಡಿಕೊಂಡು, ಪ್ರವಾಸಿಗಳ ಕಾಲದಲ್ಲಿ ಹಗಲು ಹೊತ್ತು ಸೆಕೆಂಡಿಗೆ ಕನಿಷ್ಠ ಒಂದು ಲಕ್ಷ ಘನ ಅಡಿ, ಉಳಿದಂತೆ ಅದರ ಅರ್ಧದಷ್ಟು ನೀರು ಬಿಡಬೇಕೆಂದು ಗೊತ್ತು ಮಾಡಿಕೊಂಡಿವೆ. ಹಾಗಾಗಿ ನಮ್ಮ ಹುಡುಗಿ ಕಂಡದ್ದೂ ಲೆಕ್ಕದ ನೀರೇ. ಇದನ್ನು ಕೇಳಿ ಅವಳು ನಕ್ಕಳು.

ನಗದೆ ನಿಂತವನು ನಮ್ಮ ವ್ಯಾನಿನ ಡ್ರೈವರ್, ಸಾಗರದ ಕಡೆಯವನು. "ನೀರು ಎಲ್ಲಿ ಹೋಯ್ತು ಅಂತ ಕೇಳಿದ್ರಲ್ಲ, ತೋರಿಸ್ತೀನಿ ಬನ್ನಿ ಅಮ್ಮ" ಎಂದು ಮಾರನೆಯ ದಿನ ಸಾಗರದಾಚೆ ಅಂಬಾರಗೋಡ್ಲಿಗೆ ಕರೆದೊಯ್ದ. ಕಣ್ಣು ಹಾಯುವಷ್ಟು ದೂರ ಹಿನ್ನೀರು. ನಡುವೆ ಗುಡ್ಡದ ನೆತ್ತಿಗಳು ನಡುಗಡ್ಡೆಗಳಾಗಿ ನಿಂತಿವೆ. "ನಮ್ಮಜ್ಜನ ಮನೆ, ಅಡಿಕೆ ತೋಟ ಎಲ್ಲ ಇದರಡಿಗೆ. ಅಜ್ಜನ ಮನೆಗೆ ಕರೆಂಟು ಬರೋ ಮೊದಲೇ ನೀರು ಬಂತು" ಎಂದ. ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಸಾಗರ, ಹೊಸನಗರ ತಾಲೂಕುಗಳ ಎಷ್ಟೋ ಊರುಗಳು ಹೀಗೆ ಮುಳುಗಿದವು. ಹಿನ್ನೀರಿನಾಚೆ ಉಳಿದವರು ಆಸ್ಪತ್ರೆಗೂ ಪೇಟೆಗೂ ದಶಕಗಳ ಕಾಲ ಲಾಂಚಿಗೆ ಕಾದರು. ಅಂಬಾರಗೋಡ್ಲು ಕಳಸವಳ್ಳಿ ನಡುವಿನ, ಸಿಗಂದೂರಿಗೆ ಹೋಗುವ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ನಾಡಿಗೆಲ್ಲ ಬೆಳಕು ಕೊಟ್ಟವರಿಗೆ ಒಂದು ಸೇತುವೆ ಸಿಗಲು ಅರವತ್ತು ವರ್ಷ ಬೇಕಾಯಿತು. ಹಲವು ಕುಟುಂಬಗಳು ಭೂಮಿಯ ಹಕ್ಕಿಗಾಗಿ ಇನ್ನೂ ಓಡಾಡುತ್ತಿವೆ.

ಸಾಗರದ ನಾ. ಡಿಸೋಜ ಅವರು ಶರಾವತಿ ಯೋಜನೆಯಲ್ಲಿ ನೌಕರಿ ಮಾಡುತ್ತ ಈ ಸಂಕಟವನ್ನು ಹತ್ತಿರದಿಂದ ಕಂಡು 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಬರೆದರು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು ಚಿತ್ರ ಮಾಡಿದ್ದಾರೆ. ಅದಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಬಂದಿದೆ. ಕನ್ನಡ ಓದು ನಿಧಾನವೆನ್ನುವವರು ಹೊರಡುವ ಮುನ್ನ ಚಿತ್ರವನ್ನಾದರೂ ನೋಡಿ.

ಇದೆಲ್ಲ ಅಲ್ಲಿಯವರ ಕಷ್ಟ, ಮುಂಬಯಿಯ ನಮಗೇನು ಎನ್ನಬೇಡಿ. ಮುಲುಂಡಿನಿಂದ ಭಾಂಡುಪಿನ ಕಡೆಗೆ ಸಾಗುವ ಆ ದಪ್ಪ ಪೈಪುಗಳನ್ನು ದಿನವೂ ನೋಡುತ್ತೀರಲ್ಲ? ನಮ್ಮ ನಲ್ಲಿಯ ನೀರು ಶಹಾಪುರದ ಕಡೆಯ ತಾನ್ಸಾ, ಭಾತ್ಸಾಗಳಿಂದ ಬರುತ್ತದೆ. ಭಾತ್ಸಾದ ನೀರಿನಡಿಯಲ್ಲೂ ಯಾರದೋ ಗದ್ದೆ, ಯಾರದೋ ತುಳಸಿಕಟ್ಟೆ ಇದ್ದೀತು. ಅಣೆಕಟ್ಟು ಬೇಡವೆಂದು ನಾನು ಹೇಳುತ್ತಿಲ್ಲ. ಫ್ಯಾನಿನ ಕೆಳಗೆ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಬೆಲೆ ತೆತ್ತವರು ಯಾರೆಂಬುದು ನಮಗೆ ತಿಳಿದಿರಬೇಕು, ಅಷ್ಟೇ.

ನಯಾಗರ ನೋಡಿದ ಹುಡುಗಿ ಹಿಂತಿರುಗುವಾಗ ಎತ್ತರದ ಮಾತಾಡಲಿಲ್ಲ. ಡ್ರೈವರಿನ ಪಕ್ಕದಲ್ಲೇ ಕುಳಿತು, ಅವನ ಅಜ್ಜನ ಊರಿನ ಹೆಸರು ಕೇಳಿ, ತಿದ್ದಿಸಿಕೊಂಡು, ಕನ್ನಡದಲ್ಲೇ ಬರೆದುಕೊಂಡಳು. ಒತ್ತಕ್ಷರ ಎರಡು ಕಡೆ ತಪ್ಪಿತ್ತು. ಆದರೂ ನನಗೆ ಹೆಮ್ಮೆಯಾಯಿತು.

ನೀವು ಹೋಗುವುದಾದರೆ ನೀರು ನೋಡಲು ಆಗಸ್ಟ್, ಸೆಪ್ಟೆಂಬರ್ ಒಳ್ಳೆಯದು. ಮಂಜು ಮುಚ್ಚಿದರೆ ತಾಳ್ಮೆಯಿಂದ ಕಾಯಿರಿ, ಗಾಳಿ ಬೀಸಿದಾಗ ಜೋಗ ತಾನಾಗಿ ಕಾಣಿಸಿಕೊಳ್ಳುತ್ತದೆ. ಕಟಕಟೆ ದಾಟಿ ಫೋಟೋ ತೆಗೆಯುವ ಹುಚ್ಚು ಬೇಡ. ಒಂದು ದಿನ ಜೋಗಕ್ಕೆ ಕೊಟ್ಟರೆ ಇನ್ನೊಂದು ದಿನ ಹಿನ್ನೀರಿಗೆ ಕೊಡಿ. ಸಾಗರದ ಕಡೆಯ ಹಿರಿಯರು ನಿಮ್ಮ ಪರಿಚಯದಲ್ಲಿದ್ದರೆ ಹೊರಡುವ ಮುನ್ನ ಅವರ ಮನೆಗೆ ಹೋಗಿ ಮಾತಾಡಿಸಿ. ಮತ್ತೆ, ಕೊಡೆ ಮರೆಯಬೇಡಿ.